ಒಂದು ಇಂಚಿಗೆ ಒಂದು ಮಿಲಿಮೀಟರ್

ಮೇಜಿನ ಮೇಲಿರುವುದು 1949ರ ಮರ್ಕ್ಯುರಿ ಕಾರಿನ ಬಾಡಿ. ಉದ್ದ ಸುಮಾರು 21 ಸೆಂಟಿಮೀಟರ್, ಇನ್ನೂ ಬಣ್ಣ ಕಾಣದ ಬಿಳಿ ಪ್ಲಾಸ್ಟಿಕ್. ಚಾವಣಿಯನ್ನು ಹೊತ್ತು ನಿಂತ ಕಿಟಕಿ ಕಂಬಗಳಿಗೆ ಎರಡೆರಡು ಸಾಲು ಟೇಪ್ ಸುತ್ತಲಾಗಿದೆ. ಸಾಲುಗಳ ನಡುವೆ ನಾಲ್ಕು ಮಿಲಿಮೀಟರ್ ಜಾಗ. ಬ್ಲೇಡಿನಷ್ಟು ತೆಳ್ಳಗಿನ ಗರಗಸ ಆ ಟೇಪಿನ ಅಂಚು ಹಿಡಿದು ಮೆಲ್ಲಗೆ ಹೋಗಿ ಬರುತ್ತದೆ. ಕೈ ಸ್ವಲ್ಪ ಜೋರಾದರೂ ಕಂಬ ಲಟಕ್ಕನೆ ಮುರಿದೀತು. ಕೊನೆಗೆ ಚಾವಣಿ ಇಡಿಯಾಗಿ ಕೈಗೆ ಬರುತ್ತದೆ. ನಡುವಿನ ತುಣುಕುಗಳನ್ನು ತೆಗೆದು ಚಾವಣಿಯನ್ನು ಮತ್ತೆ ಕೂರಿಸಿದರೆ, ದಢೂತಿಯಾಗಿದ್ದ ಕಾರು ನೆಲಕ್ಕೆ ಮೈಯೊಡ್ಡಿ ಹೊಂಚು ಹಾಕುವ ಪ್ರಾಣಿಯಂತೆ ಕಾಣುತ್ತದೆ.

1950ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಗ್ಯಾರೇಜುಗಳಲ್ಲಿ ನಿಜವಾದ ಮರ್ಕ್ಯುರಿಗಳಿಗೆ ಗ್ಯಾಸ್ ವೆಲ್ಡಿಂಗಿನ ಉರಿಯ ಮುಂದೆ ನಿಂತು ಮಾಡುತ್ತಿದ್ದ ಕೆಲಸವೂ ಇದೇ. ಅಲ್ಲಿ ನಾಲ್ಕು ಇಂಚು ಕತ್ತರಿಸಿದರೆ ಇಲ್ಲಿ ನಾಲ್ಕು ಮಿಲಿಮೀಟರ್. ಅಮೆರಿಕದ ಕಾರು ಮಾದರಿಗಳು ಹೆಚ್ಚಾಗಿ 1:25ರ ಅಳತೆಯಲ್ಲಿ ತಯಾರಾಗುತ್ತವೆ. ಇಂಚೊಂದಕ್ಕೆ 25.4 ಮಿಲಿಮೀಟರ್; ಇಪ್ಪತ್ತೈದರಿಂದ ಭಾಗಿಸಿದರೆ ಒಂದು ಮಿಲಿಮೀಟರಿಗೆ ಕೂದಲೆಳೆಯಷ್ಟು ಹೆಚ್ಚು. 1957ರ ಷೆವ್ರೊಲೆ ಬೆಲ್ ಏರ್ 200 ಇಂಚು ಉದ್ದದ ಕಾರು, ಅದರ ಮಾದರಿ 20 ಸೆಂಟಿಮೀಟರ್. ಹಿಂಬದಿಯ ರೆಕ್ಕೆಗಳಿಗೆ ಹೆಸರಾದ 1959ರ ಕ್ಯಾಡಿಲಾಕ್ 225 ಇಂಚು, ಮಾದರಿ 23 ಸೆಂಟಿಮೀಟರಿಗೆ ಹತ್ತಿರ. ಇಂಚಿನ ಟೇಪು ಹಿಡಿದು ಹಳೆಯ ಕಾರನ್ನು ಅಳೆದು ಬಂದವರು ಅದೇ ಅಂಕಿಗಳನ್ನು ಮಿಲಿಮೀಟರಿನಲ್ಲಿ ಮೇಜಿನ ಮೇಲೆ ಗುರುತು ಹಾಕಿಕೊಳ್ಳಬಹುದು.

ಶೋರೂಮಿನ ಸ್ಯಾಂಪಲ್

ಈ ಹವ್ಯಾಸದ ತವರು ಕಾರು ಶೋರೂಮು. ಎರಡನೇ ಮಹಾಯುದ್ಧ ಮುಗಿದು ಡೆಟ್ರಾಯಿಟ್‌ನ ಕಾರ್ಖಾನೆಗಳು ಮತ್ತೆ ಕಾರು ತಯಾರಿಸತೊಡಗಿದ್ದವು. 1948ರಲ್ಲಿ ವೆಸ್ಟ್ ಗ್ಯಾಲೊಗ್ಲಿ ಎಂಬ ವಕೀಲರು ಆ ನಗರದ ಆಸುಪಾಸಿನಲ್ಲೇ ಎಎಂಟಿ ಕಂಪನಿ ಕಟ್ಟಿದರು. ಪೂರ್ತಿ ಹೆಸರು ಅಲ್ಯೂಮಿನಿಯಂ ಮಾಡೆಲ್ ಟಾಯ್ಸ್. ಹೆಸರಿನಲ್ಲಿ ಅಲ್ಯೂಮಿನಿಯಂ ಇದ್ದರೂ ಕಂಪನಿ ಬೇಗನೆ ಪ್ಲಾಸ್ಟಿಕ್ಕಿಗೆ ಹೊರಳಿತು. ಮಾರಾಟ ಏಜೆಂಟರಿಗೆ ಆ ವರ್ಷದ ಹೊಸ ಕಾರಿನ ಪುಟ್ಟ ಪಡಿಯಚ್ಚು ಒದಗಿಸುವುದು ಅದರ ಕಸುಬು. ಗಿರಾಕಿ ಬಂದರೆ ಕೌಂಟರಿನ ಮೇಲಿಟ್ಟು ತೋರಿಸಬಹುದು, ಜೊತೆಗೆ ಬಂದ ಮಗುವಿನ ಕೈಗೂ ಕೊಡಬಹುದು. ಈ ಪಡಿಯಚ್ಚುಗಳಿಗೆ 'ಪ್ರೊಮೊ' ಎಂಬ ಹೆಸರು ಬಿತ್ತು. ಕಾರು ಕಂಪನಿಯ ನಕ್ಷೆ ಅನುಸರಿಸಿ ಅಚ್ಚು ಮಾಡುತ್ತಿದ್ದುದರಿಂದ ಅಳತೆ ಕರಾರುವಾಕ್ಕು. ಬಣ್ಣವೂ ನಿಜ ಕಾರಿನದೇ. ಜಾನ್ ಹೇನ್ಲೆ ಡೆಟ್ರಾಯಿಟ್‌ನಲ್ಲಿ ಶುರು ಮಾಡಿದ ಜೋ-ಹ್ಯಾನ್ ಕಂಪನಿಯೂ ಇದೇ ಕಸುಬಿಗಿಳಿಯಿತು. ಆರಂಭದ ಪ್ರೊಮೊಗಳಿಗೆ ಬಳಸಿದ ಅಸಿಟೇಟ್ ಪ್ಲಾಸ್ಟಿಕ್ ವರ್ಷ ಕಳೆದಂತೆ ಸೊಟ್ಟಗಾಗುತ್ತಿತ್ತು. ಸಂಗ್ರಹಕಾರರ ಕಪಾಟಿನಲ್ಲಿ ಬೆನ್ನು ಬಾಗಿದ ಅಂಥ ಕಾರುಗಳನ್ನು ಇಂದಿಗೂ ಕಾಣಬಹುದು.

ಇತ್ತ ಕ್ಯಾಲಿಫೋರ್ನಿಯಾದಲ್ಲಿ ಲೂಯಿಸ್ ಗ್ಲೇಸರ್ ಅವರ ರೆವೆಲ್ ಕಂಪನಿ 1950ರ ದಶಕದ ಆರಂಭದಲ್ಲಿ ಮೋಟಾರು ಯುಗದ ಮೊದಮೊದಲ ಕಾರುಗಳನ್ನು ಬಿಡಿಭಾಗಗಳ ರೂಪದಲ್ಲಿ ಪೆಟ್ಟಿಗೆಯಲ್ಲಿಟ್ಟು ಮಾರತೊಡಗಿತು. ಅಂಟಿಸಿ ಕಟ್ಟುವ ಪ್ಲಾಸ್ಟಿಕ್ ಕಾರಿಗೆ ಮಾರುಕಟ್ಟೆ ಇದೆ ಎಂಬುದು ಅದರಿಂದ ಖಾತ್ರಿಯಾಯಿತು.

ನಿಜವಾದ ತಿರುವು ಬಂದದ್ದು 1958ರಲ್ಲಿ. ಎಎಂಟಿ ಮತ್ತು ಅದರ ಜೊತೆಗಾರ ಕಂಪನಿ ಎಸ್‌ಎಂಪಿ ಆ ವರ್ಷದ ಕಾರುಗಳ ಪ್ರೊಮೊ ಅಚ್ಚುಗಳನ್ನೇ ಬಳಸಿ 'ತ್ರೀ ಇನ್ ಒನ್' ಕಿಟ್‌ಗಳನ್ನು ಹೊರತಂದವು. ಒಂದೇ ಪೆಟ್ಟಿಗೆ, ಕಟ್ಟುವ ದಾರಿ ಮೂರು: ಕಾರ್ಖಾನೆಯಿಂದ ಬಂದಂತೆ, ತನಗೆ ಬೇಕಾದಂತೆ ಬದಲಿಸಿ, ಇಲ್ಲವೇ ರೇಸಿಗೆ ಹೊರಟಂತೆ. ಹೆಚ್ಚುವರಿ ಗ್ರಿಲ್, ಬೇರೆ ಚಕ್ರಗಳು, ಹಿಂಬದಿ ಚಕ್ರ ಮುಚ್ಚುವ ತಟ್ಟೆಗಳು, ರೇಸ್ ನಂಬರಿನ ಚಿತ್ರಗಳು ಎಲ್ಲವೂ ಜೊತೆಗಿದ್ದವು. ಬೆಲೆ ಎರಡು ಡಾಲರಿಗಿಂತ ಕಡಿಮೆ. ಡೆಟ್ರಾಯಿಟ್‌ನ ವಿನ್ಯಾಸಕಾರರು ಅಂತಿಮವೆಂದು ನಿರ್ಧರಿಸಿದ ಕಾರನ್ನು ಹನ್ನೆರಡು ವರ್ಷದ ಹುಡುಗನೊಬ್ಬ ತನ್ನ ಮೇಜಿನ ಮೇಲೆ 'ಹೀಗಿದ್ದರೆ ಚೆನ್ನ' ಎಂದು ತಿದ್ದಬಹುದಾಗಿತ್ತು. ತಿದ್ದುವ ಆ ಸಲಿಗೆಯನ್ನು ಕಂಪನಿಯೇ ಪೆಟ್ಟಿಗೆಯಲ್ಲಿಟ್ಟು ಕೊಟ್ಟಿತ್ತು. ಅರವತ್ತು ವರ್ಷ ದಾಟಿದರೂ ಈ ಹವ್ಯಾಸ ಬಾಡದಿರುವುದಕ್ಕೆ ದೊಡ್ಡ ಕಾರಣ ಈ ಸಲಿಗೆ.

ಪೆಟ್ಟಿಗೆಯ ಹೊರಗಿನ ಲೋಕವೂ ಹದವಾಗಿತ್ತು. ಸ್ಯಾಮ್ ಮತ್ತು ಜಾರ್ಜ್ ಬ್ಯಾರಿಸ್ ಸಹೋದರರು ಲಾಸ್ ಏಂಜಲೀಸ್ ಬಳಿಯ ತಮ್ಮ ಗ್ಯಾರೇಜಿನಲ್ಲಿ ಮರ್ಕ್ಯುರಿಗಳ ಚಾವಣಿ ತಗ್ಗಿಸಿ ಹೆಸರು ಮಾಡಿದ್ದರು. ಬಾಬ್ ಹಿರೊಹಾಟ ಎಂಬ ತರುಣನಿಗಾಗಿ ಅವರು ಬದಲಿಸಿಕೊಟ್ಟ 1951ರ ಮರ್ಕ್ಯುರಿ ಇಂದಿಗೂ ಕಸ್ಟಮ್ ಕಾರುಗಳ ಮಾತು ಬಂದಾಗ ಮೊದಲು ನೆನಪಾಗುವ ಕಾರು. ಜಾರ್ಜ್ ಬ್ಯಾರಿಸ್ ಮುಂದೆ ಎಎಂಟಿಯ ಕಿಟ್‌ಗಳಿಗೂ ಕೈಜೋಡಿಸಿದರು. 'ಬಿಗ್ ಡ್ಯಾಡಿ' ಎಂದೇ ಪ್ರಸಿದ್ಧರಾದ ಎಡ್ ರಾತ್ ಫೈಬರ್‌ಗ್ಲಾಸಿನಲ್ಲಿ ಬೀಟ್‌ನಿಕ್ ಬ್ಯಾಂಡಿಟ್ ಎಂಬ ಕಾರು ಕಟ್ಟಿ, ಚಾಲಕನ ತಲೆಯ ಮೇಲೆ ಪಾರದರ್ಶಕ ಗುಮ್ಮಟ ಕೂರಿಸಿದರು. ರೆವೆಲ್ ಅದನ್ನೂ ಕಿಟ್ ಮಾಡಿತು. ದೂರದ ಊರಿನ ಕಾರು ಪ್ರದರ್ಶನಕ್ಕೆ ಹೋಗಲಾಗದ ಮಕ್ಕಳು ಆ ಕಾರುಗಳ ಪರಿಚಯ ಮಾಡಿಕೊಂಡದ್ದು ಅಂಟು ಮತ್ತು ಚಾಕುವಿನ ಮೂಲಕ.

ಟಿಂಕರಿಂಗಿನಿಂದ ಪೇಂಟಿಂಗಿನವರೆಗೆ

ಹೊಸ ಕಿಟ್ ತೆರೆದರೆ ಕಾಣುವುದು ಪಾಲಿಸ್ಟೈರೀನ್ ಕಡ್ಡಿಗಳ ಚೌಕಟ್ಟುಗಳು. ಎಂಜಿನ್ನಿನ ಎರಡು ಹೋಳು, ಸೀಟು, ಸೈಲೆನ್ಸರ್, ಡ್ಯಾಶ್‌ಬೋರ್ಡ್ ಎಲ್ಲವೂ ಗೊಂಚಲಿನಲ್ಲಿ ಕಾಯಿ ತೂಗಿದಂತೆ ಆ ಕಡ್ಡಿಗಳಿಗೆ ಅಂಟಿಕೊಂಡಿರುತ್ತವೆ. ಬಾಡಿ ಮಾತ್ರ ಒಂದೇ ತುಂಡು. ಪಕ್ಕಕ್ಕೆ ಸರಿಯುವ ಹಲವು ಭಾಗಗಳ ಉಕ್ಕಿನ ಅಚ್ಚಿಗೆ ಕರಗಿದ ಪ್ಲಾಸ್ಟಿಕ್ಕನ್ನು ಒತ್ತಡದಿಂದ ತುಂಬಿ ಅದನ್ನು ಎರಕ ಹೊಯ್ಯುತ್ತಾರೆ. ಅಚ್ಚಿನ ಭಾಗಗಳು ಕೂಡಿದ ಕಡೆ ಬಾಡಿಯ ಮೇಲೆ ಸಣ್ಣ ಏಣು ಉಳಿದಿರುತ್ತದೆ. ಬೆರಳಾಡಿಸಿದರೆ ತಿಳಿಯುವ ಆ ಏಣನ್ನು ಹೆರೆದು ತೆಗೆಯುವುದೇ ಮೊದಲ ಕೆಲಸ.

ಬಂಪರ್, ಗ್ರಿಲ್, ಚಕ್ರದ ತಟ್ಟೆಗಳು ಕನ್ನಡಿಯಂತೆ ಹೊಳೆಯುತ್ತವೆ. ಗಾಳಿ ತೆಗೆದ ಕೋಣೆಯಲ್ಲಿ ಅಲ್ಯೂಮಿನಿಯಂ ಆವಿಯನ್ನು ಪ್ಲಾಸ್ಟಿಕ್ಕಿನ ಮೇಲೆ ಕೂರಿಸಿ ಬರಿಸಿದ ಹೊಳಪು ಅದು. ಪ್ಲಾಸ್ಟಿಕ್ ಜೋಡಿಸುವ ತೆಳುವಾದ ದ್ರವ ಅಂಟಿನ ಸ್ವಭಾವ ಬೇರೆ. ಅದು ಎರಡು ಅಂಚುಗಳನ್ನೂ ಸ್ವಲ್ಪ ಕರಗಿಸಿ ಒಂದರೊಳಗೊಂದು ಬೆರೆಸುತ್ತದೆ; ಆರಿದ ಮೇಲೆ ಅದು ಬೆಸುಗೆಯೇ. ಗಾಜಿನ ಭಾಗಕ್ಕೆ ಸೂಪರ್ ಗ್ಲೂ ತಾಗಿಸುವಂತಿಲ್ಲ. ಅದರ ಆವಿ ಕುಳಿತು ಮುಂಗಾಜಿಗೆ ಬಿಳಿ ಮಂಜು ಕವಿಯುತ್ತದೆ.

ಮರ್ಕ್ಯುರಿಯ ಚಾವಣಿ ತಗ್ಗಿಸಿದಾಗ ಎದುರಾಗುವ ತೊಡಕು ಗ್ಯಾರೇಜಿನಲ್ಲೂ ಮೇಜಿನಲ್ಲೂ ಒಂದೇ. ಕಂಬಗಳು ನೆಟ್ಟಗೆ ನಿಂತಿಲ್ಲ, ಓರೆಯಾಗಿವೆ. ಮೇಲಿನ ಭಾಗ ಕೆಳಗಿಳಿದಾಗ ಮುಂದಿನ ಕಂಬದ ತುದಿಗಳು ಒಂದಕ್ಕೊಂದು ಕೂಡುವುದಿಲ್ಲ, ಹಿಂದಿನ ಗಾಜಿನ ಚೌಕಟ್ಟಂತೂ ಪೂರಾ ತಪ್ಪಿಹೋಗುತ್ತದೆ. ಹಾಗಾಗಿ ಹಿಂಬದಿಯ ಚೌಕಟ್ಟನ್ನು ಬೇರೆಯಾಗಿ ಕತ್ತರಿಸಿ ಮುಂದಕ್ಕೆ ಒರಗಿಸಿ, ಸಂದುಗಳಿಗೆ ಪ್ಲಾಸ್ಟಿಕ್ ಪಟ್ಟಿಗಳನ್ನು ಬೆಸೆದು, ಮೇಲೆ ಪುಟ್ಟಿ ತುಂಬಬೇಕು. ಒಣಗಿದ ಪುಟ್ಟಿಯನ್ನು ವಾಟರ್ ಪೇಪರಿನಿಂದ ಉಜ್ಜಿ, ಪ್ರೈಮರ್ ಹೊಡೆದು, ಬೆಳಕಿಗೆ ಹಿಡಿದು ನೋಡಿ, ತಗ್ಗು ಕಂಡಲ್ಲಿ ಮತ್ತೆ ಪುಟ್ಟಿ. ನಮ್ಮೂರಿನ ಟಿಂಕರಿಂಗ್ ಶೆಡ್ಡಿನಲ್ಲಿ ನಡೆಯುವ ಸರದಿಯೇ ಇಲ್ಲಿಯೂ. ಹಳೆಯ ಮುಂಗಾಜು ಈಗ ಹೊಂದುವುದಿಲ್ಲ. ಅದನ್ನು ಕತ್ತರಿಸಲು ಹೋದರೆ ಸೀಳುವ ಸಂಭವವೇ ಹೆಚ್ಚು, ಆದ್ದರಿಂದ ಅನೇಕರು ಪಾರದರ್ಶಕ ಹಾಳೆಯಿಂದ ಹೊಸದು ಕತ್ತರಿಸಿಕೊಳ್ಳುತ್ತಾರೆ.

ಬಣ್ಣದ ವಿಷಯದಲ್ಲಿ ಲೆಕ್ಕ ಕಟ್ಟುನಿಟ್ಟು. ಮಾದರಿಯ ಮೇಲೆ ಬಣ್ಣದ ಪದರ ಮಿಲಿಮೀಟರಿನ ಹತ್ತನೇ ಒಂದು ಭಾಗ ದಪ್ಪವಾದರೆ, ನಿಜ ಕಾರಿನ ಮೇಲೆ ಎರಡೂವರೆ ಮಿಲಿಮೀಟರ್ ಬಣ್ಣ ಬಳಿದಂತೆ. ಬಾಗಿಲಿನ ಸಂದು ಮುಚ್ಚಿಹೋಗುತ್ತದೆ, ಪಕ್ಕದಲ್ಲಿ ಉಬ್ಬಿ ನಿಂತ 'ಬೆಲ್ ಏರ್' ಅಕ್ಷರಗಳು ಮಣ್ಣಲ್ಲಿ ಹೂತಂತಾಗುತ್ತವೆ. ಮಿನುಗುವ ಲೋಹದ ಚೂರುಗಳಿರುವ ಬಣ್ಣಕ್ಕೂ ಇದೇ ಪಾಡು: ನಿಜ ಕಾರಿಗೆ ಒಪ್ಪುವ ಮಿನುಗು ಇಲ್ಲಿ ಜಲ್ಲಿ ಎರಚಿದಂತೆ ಕಂಡೀತು. ಅದಕ್ಕೆಂದೇ ಏರ್‌ಬ್ರಷ್ಷಿನಿಂದ ಹೊಗೆಯಂತೆ ತೆಳುವಾಗಿ, ಪದರದ ಮೇಲೆ ಪದರ ಹೊಡೆಯುತ್ತಾರೆ. ಕಿಟಕಿಯ ಸುತ್ತಲಿನ ಬೆಳ್ಳಿ ಅಂಚಿಗೆ ಬಣ್ಣ ಬಳಿಯುವುದೇ ಇಲ್ಲ. ಹಿಂಬದಿಯಲ್ಲಿ ಅಂಟು ಸವರಿದ ಅತಿ ತೆಳುವಾದ ಲೋಹದ ಹಾಳೆಯನ್ನು ಅಂಚಿನ ಮೇಲಿಟ್ಟು, ಹತ್ತಿ ಸುತ್ತಿದ ಕಡ್ಡಿಯಿಂದ ತೀಡಿ ಕೂರಿಸಿ, ಹೊಚ್ಚಹೊಸ ಬ್ಲೇಡಿನಿಂದ ಹೆಚ್ಚಾದದ್ದನ್ನು ಕೊರೆದು ತೆಗೆಯುತ್ತಾರೆ. ಬ್ಲೇಡ್ ಮೊಂಡಾಗಿದ್ದರೆ ಹಾಳೆ ಹರಿದು, ಇಡೀ ಪಟ್ಟಿ ಮೊದಲಿನಿಂದ.

ಬಾನೆಟ್ ಎತ್ತಿದರೆ ಇನ್ನೊಂದು ಲೋಕ. ಷೆವ್ರೊಲೆಯ ವಿ-8 ಎಂಜಿನ್ನಿನಲ್ಲಿ ಎಂಟು ಪ್ಲಗ್ಗುಗಳು. ನಿಜ ಕಾರಿನ ಪ್ಲಗ್ ವೈರು ಏಳೆಂಟು ಮಿಲಿಮೀಟರ್ ದಪ್ಪ, ಮಾದರಿಯಲ್ಲಿ ಸುಮಾರು 0.3 ಮಿಲಿಮೀಟರ್. ಬೆರಳುಗಳ ನಡುವೆ ತಿರುಗಿಸುವ ಪುಟ್ಟ ಡ್ರಿಲ್ಲಿನಿಂದ ಡಿಸ್ಟ್ರಿಬ್ಯೂಟರಿನ ಮುಚ್ಚಳದ ಸುತ್ತ ಎಂಟು ತೂತು, ನಡುವೆ ಕಾಯಿಲ್ ವೈರಿಗೊಂದು. ಆ ಮುಚ್ಚಳದ ಅಗಲವೇ ಕೆಲವು ಮಿಲಿಮೀಟರ್, ಅಷ್ಟೆ. ಶ್ರದ್ಧೆ ಇರುವವರು ವೈರುಗಳನ್ನು ಷೆವ್ರೊಲೆಯ ಕಿಡಿ ಹಾರುವ ಕ್ರಮದಲ್ಲೇ, ಎಂದರೆ 1-8-4-3-6-5-7-2ರ ಸರದಿಯಲ್ಲೇ ಆಯಾ ಪ್ಲಗ್ಗಿಗೆ ಒಯ್ಯುತ್ತಾರೆ. ಎಂದೂ ಸದ್ದು ಮಾಡದ ಎಂಜಿನ್ನಿಗೂ ಸರಿಯಾದ ವೈರಿಂಗ್ ಆಗಬೇಕೆಂಬುದು ಅವರ ಹಟ.

ತಿದ್ದಿ ತಿದ್ದಿ ಮಾಯವಾದ ಅಚ್ಚುಗಳು

ಅಮೆರಿಕದ ಕಾರು ಕಂಪನಿಗಳು ಆ ದಿನಗಳಲ್ಲಿ ಪ್ರತಿ ವರ್ಷವೂ ಕಾರಿನ ಮುಖ ಬದಲಿಸುತ್ತಿದ್ದವು. ಈ ವರ್ಷದ ಗ್ರಿಲ್ ಮುಂದಿನ ವರ್ಷಕ್ಕಿಲ್ಲ. ಕಿಟ್ ಕಂಪನಿಗಳೂ ಹಿಂದೆಯೇ ಓಡಬೇಕಿತ್ತು. ಉಕ್ಕಿನ ಅಚ್ಚು ಮಾಡಿಸುವುದು ದುಬಾರಿ ಬಾಬ್ತಾದ್ದರಿಂದ ಹಳೆಯ ಅಚ್ಚನ್ನೇ ಕೊರೆದು ತಿದ್ದಿ ಹೊಸ ವರ್ಷದ ಕಾರು ಮಾಡುತ್ತಿದ್ದರು. ಒಮ್ಮೆ ತಿದ್ದಿದರೆ ಹಿಂದಿನ ವರ್ಷದ ಕಾರು ಆ ಅಚ್ಚಿನಿಂದ ಮತ್ತೆಂದೂ ಬಾರದು. ಇನ್ನು ಕೆಲವು ಅಚ್ಚುಗಳನ್ನು ಮಣ್ಣಿನ ಟ್ರ್ಯಾಕಿನ ರೇಸ್ ಕಾರುಗಳಾಗಿ ಮಾರ್ಪಡಿಸಿ, ಮಡ್‌ಗಾರ್ಡಿನ ಮೂಲ ಆಕಾರವನ್ನೇ ಅಳಿಸಿಬಿಟ್ಟರು.

ಹೀಗೆ ಕಳೆದುಹೋದದ್ದನ್ನು ಮರಳಿ ತಂದವರು ಮುಖ್ಯವಾಗಿ ಹವ್ಯಾಸಿಗಳು. ಎಲ್ಲೋ ಉಳಿದ ಒಂದು ಹಳೆಯ ಬಾಡಿ ಸಿಕ್ಕಿತೆನ್ನಿ. ಅದರ ಗೀರು ತುಂಬಿ, ಮುರಿದದ್ದನ್ನು ಸರಿಪಡಿಸಿ, ಸುತ್ತ ಸಿಲಿಕೋನ್ ರಬ್ಬರ್ ಸುರಿದು ಅಚ್ಚು ತೆಗೆಯುತ್ತಾರೆ. ಆ ಅಚ್ಚಿಗೆ ರೆಸಿನ್ ಹೊಯ್ದರೆ ಹೊಸ ಬಾಡಿ ಸಿದ್ಧ. ರಬ್ಬರ್ ಅಚ್ಚು ಹೆಚ್ಚು ಬಾಳುವುದಿಲ್ಲ, ಕೆಲವು ಎರಕಗಳಾದ ಮೇಲೆ ಹರಿಯತೊಡಗುತ್ತದೆ. ಮತ್ತೆ ಹೊಸ ಅಚ್ಚು ಮಾಡಬೇಕು. ಈಗೀಗ ತ್ರೀಡಿ ಪ್ರಿಂಟರ್ ಈ ಕೆಲಸಕ್ಕೆ ಹೆಗಲು ಕೊಟ್ಟಿದೆ. ಎಎಂಟಿ ಮತ್ತು ಅದರಂತೆಯೇ ಕಿಟ್ ತಯಾರಿಸುತ್ತಿದ್ದ ಎಂಪಿಸಿಯ ಹೆಸರುಗಳು ಈಗ ಇಂಡಿಯಾನಾ ರಾಜ್ಯದ ಸೌತ್ ಬೆಂಡ್‌ನ ರೌಂಡ್ 2 ಕಂಪನಿಯ ಬಳಿ ಇವೆ. ಉಳಿದ ಹಳೆಯ ಅಚ್ಚುಗಳಿಂದ ಅದು ಕಿಟ್‌ಗಳನ್ನು ಮತ್ತೆ ಮತ್ತೆ ಹೊರತರುತ್ತಿದೆ, ಹಳೆಯ ಪೆಟ್ಟಿಗೆಯ ಚಿತ್ರಗಳ ಸಮೇತ. ಬಾಲ್ಯದಲ್ಲಿ ಆ ಪೆಟ್ಟಿಗೆ ಕೊಳ್ಳಲು ಕಾಸು ಕೂಡಿಟ್ಟವರೇ ಅದರ ದೊಡ್ಡ ಗಿರಾಕಿಗಳು.

ಕಣ್ಣು ಪಳಗಿದ ಬಗೆ

ಪುಟ್ಟ ಕಾರು ಕಟ್ಟಿದ ಕೈಗಳು ದೊಡ್ಡ ಕಾರಿನತ್ತ ಹೋದ ಉದಾಹರಣೆಯೂ ಇದೆ. ಜನರಲ್ ಮೋಟಾರ್ಸ್ ಬಳಗದ ಫಿಷರ್ ಬಾಡಿ ಸಂಸ್ಥೆ 1930ರಿಂದ 1968ರವರೆಗೆ ಹುಡುಗರಿಗಾಗಿ ಮಾದರಿ ತಯಾರಿಕೆಯ ಸ್ಪರ್ಧೆ ನಡೆಸಿತು. ಅಲ್ಲಿ ಕಿಟ್ ಇರಲಿಲ್ಲ. ಮೊದಮೊದಲು ನೆಪೋಲಿಯನ್ ಕಾಲದ ಸಾರೋಟನ್ನು, ಆಮೇಲೆ ತಾವೇ ಕಲ್ಪಿಸಿದ ಕಾರನ್ನು ಮರದಲ್ಲೋ ಬೇರೆ ವಸ್ತುವಿನಲ್ಲೋ ಕಡೆದು ಕಳಿಸಬೇಕಿತ್ತು. ಗೆದ್ದವರಿಗೆ ವಿದ್ಯಾರ್ಥಿವೇತನ. 1947ರಲ್ಲಿ ಬಹುಮಾನ ಪಡೆದ ಚಕ್ ಜೋರ್ಡನ್ ಮುಂದೆ 1986ರಲ್ಲಿ ಅದೇ ಜನರಲ್ ಮೋಟಾರ್ಸ್‌ನ ವಿನ್ಯಾಸ ವಿಭಾಗದ ಉಪಾಧ್ಯಕ್ಷರಾದರು.

ಮೈಕಲ್ ಪಾಲ್ ಸ್ಮಿತ್ ಅವರದು ಇನ್ನೊಂದು ದಾರಿ. 2018ರಲ್ಲಿ ತೀರಿಕೊಂಡ ಅವರು ಸಿದ್ಧ ಲೋಹದ ಮಾದರಿ ಕಾರುಗಳನ್ನು ಬಳಸಿ 'ಎಲ್ಗಿನ್ ಪಾರ್ಕ್' ಎಂಬ ಕಾಲ್ಪನಿಕ ಊರು ಕಟ್ಟಿದರು. 1:24ರ ಅಳತೆಯ ಅಂಗಡಿ, ಪೆಟ್ರೋಲ್ ಬಂಕ್, ಮನೆಗಳನ್ನು ಕೈಯಾರೆ ಮಾಡಿ, ಮೇಜಿನ ಮೇಲೆ ಜೋಡಿಸಿ, ಆ ಮೇಜನ್ನು ಬಯಲಿಗೆ ಒಯ್ಯುತ್ತಿದ್ದರು. ಹಿಂದೆ ದೂರದಲ್ಲಿ ಕಾಣುವ ನಿಜವಾದ ಮರಗಳು ಮತ್ತು ಮನೆಗಳು ಮಾದರಿಯ ಅಳತೆಗೆ ಸರಿಹೊಂದುವವರೆಗೆ ಮೇಜನ್ನು ಅತ್ತಿತ್ತ ಸರಿಸಿ, ಸಾಧಾರಣ ಡಿಜಿಟಲ್ ಕ್ಯಾಮೆರಾದಲ್ಲಿ ಚಿತ್ರ ತೆಗೆಯುತ್ತಿದ್ದರು. ಆ ಚಿತ್ರಗಳಲ್ಲಿ ಕಾರುಗಳ ನೆರಳು ನಿಜ ಸೂರ್ಯನದು. ಅಂಗೈಯಗಲದ ಕಾರು ಅಂಗಳದಲ್ಲಿ ಯಾರಿಗೋ ಕಾಯುತ್ತ ನಿಂತಂತಿರುತ್ತದೆ.

ಕಟ್ಟಿದವರು ಒಂದೆಡೆ ಸೇರಿದಾಗಲೂ ಪೈಪೋಟಿಗಿಂತ ನೋಟ ದೊಡ್ಡದು. ಒಹಾಯೊ ರಾಜ್ಯದ ಟೊಲಿಡೊ ಸುತ್ತಮುತ್ತ 1980ರಿಂದ ನಡೆದುಬಂದ ಎನ್‌ಎನ್‌ಎಲ್ ಎಂಬ ಮಾದರಿ ಕಾರುಗಳ ಮೇಳದಲ್ಲಿ ಅಂಕ ಕೊಡುವ ತೀರ್ಪುಗಾರರ ಸಾಲು ಇಲ್ಲ. ಉದ್ದನೆಯ ಮೇಜುಗಳ ಮೇಲೆ ಕಾರುಗಳನ್ನಿಟ್ಟು ಜನ ಸುತ್ತಾಡುತ್ತಾರೆ, ಬಗ್ಗಿ ಬಗ್ಗಿ ನೋಡುತ್ತಾರೆ. ಈ ಹಿಂಗಾಜು ಹೇಗೆ ಒರಗಿಸಿದಿರಿ, ಆ ಕೆಂಪು ಯಾವ ಕಂಪನಿಯ ಬಣ್ಣ, ಈ ಗ್ರಿಲ್ ಯಾವ ಕಿಟ್‌ನದು ಎಂಬ ವಿಚಾರಣೆ ನಡೆಯುತ್ತದೆ.

ಕೊನೆಯ ಪ್ರಶ್ನೆಗೆ ಉತ್ತರ ಪ್ರತಿ ಮಾದರಿಗಾರನ ಮನೆಯಲ್ಲಿರುವ ಡಬ್ಬಿಯಲ್ಲಿದೆ. ಮೂರು ದಾರಿಯಲ್ಲಿ ಒಂದನ್ನು ಹಿಡಿದು ಕಟ್ಟಿದ ಮೇಲೆ ಉಳಿದ ಎರಡರ ಚಕ್ರ, ಗ್ರಿಲ್, ಬಂಪರುಗಳು ಸೇರುವುದು ಅಲ್ಲಿಗೆ. ಇಂದು ಮರ್ಕ್ಯುರಿಯ ಕಂಬಗಳಿಂದ ಕತ್ತರಿಸಿ ತೆಗೆದ ನಾಲ್ಕು ಮಿಲಿಮೀಟರಿನ ತುಣುಕುಗಳೂ ಕಸದ ಬುಟ್ಟಿಗೆ ಹೋಗಲಿಲ್ಲ. ಚಿಮಟದಿಂದ ಒಂದೊಂದಾಗಿ ಎತ್ತಿ, ಪುಟ್ಟ ಪೊಟ್ಟಣ ಕಟ್ಟಿ, ಮೇಲೆ '49 ಮರ್ಕ್' ಎಂದು ಬರೆದು ಡಬ್ಬಿಗೆ ಹಾಕಲಾಗಿದೆ. ಚಾವಣಿ ಕತ್ತರಿಸಿದ ಹಳೆಯ ಮರ್ಕ್ಯುರಿಯೊಂದು ಎಲ್ಲಿಂದಲಾದರೂ ಬಂದು, ಅದನ್ನು ಮತ್ತೆ ಮೊದಲಿನ ಎತ್ತರಕ್ಕೆ ತರಬೇಕಾದ ದಿನ ಈ ತುಣುಕುಗಳು ಬೇಕಾಗುತ್ತವೆ.