ಅಡುಗೆಮನೆಯ ಜೀರ್ಣೋದ್ಧಾರವೂ ಅಂದಾಜಿನ ಹಣವೂ

ಹೊಗೆಯಿರುವಲ್ಲಿ ಬೆಂಕಿಯಿರುವದೆಂಬುದಕ್ಕೆ ಅಡುಗೆಮನೆಯನ್ನೇ ದೃಷ್ಟಾಂತವಾಗಿ ಕೊಡುವದು ತರ್ಕಶಾಸ್ತ್ರದ ಹಳೆಯ ಸಂಪ್ರದಾಯವು. ತರ್ಕಸಂಗ್ರಹವನ್ನೋದಿದವರೆಲ್ಲರೂ ಇದನ್ನು ಬಲ್ಲರು. 2016ರಲ್ಲಿ ಉಜ್ವಲಾ ಯೋಜನೆಯು ಆರಂಭವಾದ ಮೇಲೆ ಗ್ಯಾಸಿನ ಒಲೆಯು ಬಡವರ ಮನೆಗಳನ್ನೂ ಹೊಕ್ಕು, ಈ ದೃಷ್ಟಾಂತವನ್ನು ಬಹಳ ದುರ್ಬಲಗೊಳಿಸಿದೆ. ಒಲೆಯು ನೆಲವನ್ನು ಬಿಟ್ಟು ಕಟ್ಟೆಯನ್ನೇರಿದ ಬಳಿಕ ಅಡುಗೆಮನೆಯನ್ನೂ ಅದಕ್ಕೆ ತಕ್ಕಂತೆ ಮಾರ್ಪಡಿಸಬೇಕೆಂಬ ಇಚ್ಛೆಯು ಗೃಹಸ್ಥರಲ್ಲಿ ಹುಟ್ಟುವದು ಸಹಜವೇ. ಆದರೆ ಇಂಥ ಕೆಲಸವನ್ನು ಆರಂಭಿಸುವವರು ಅನೇಕರು, ಅಂದಾಜಿನೊಳಗೆ ಮುಗಿಸುವವರು ವಿರಳ. ಸಾಮಾನಿನ ಬೆಲೆಯೇರಿತೆಂದು ಅವರು ಹೇಳುವರು. ವಿಚಾರಿಸಿ ನೋಡಿದರೆ, ಅಂದಾಜು ಕೆಡುವದು ಬಹುತರವಾಗಿ ಕೆಲಸದ ನಡುವೆ ಮನಸ್ಸನ್ನು ಬದಲಿಸುವದರಿಂದ.

ಮೊದಲು ಹಣದ ಮಾತು. ಲೋಕಾಪುರದ ಸುತ್ತಿನ ಒಕ್ಕಲುತನದ ಮನೆಗಳಲ್ಲಿ ಇಂಥ ಕೆಲಸಗಳು ಕಬ್ಬಿನ ಬಿಲ್ಲನ್ನು ನಂಬಿ ನಿಂತಿರುತ್ತವೆ. 1966ರ ಕಬ್ಬು ನಿಯಂತ್ರಣ ಆಜ್ಞೆಯಂತೆ ಕಬ್ಬು ಮುಟ್ಟಿದ 14 ದಿನಗಳೊಳಗೆ ಅದರ ಬೆಲೆಯು ಸಲ್ಲತಕ್ಕದ್ದು. ಆದರೆ ಆಜ್ಞೆಯ ಪಂಚಾಂಗವೂ ಕೈಗೆ ಹಣ ಬರುವ ಪಂಚಾಂಗವೂ ಯಾವಾಗಲೂ ಒಂದೇ ಆಗಿರುವದಿಲ್ಲ. ಬರಲಿರುವ ಬಿಲ್ಲಿನ ಭರವಸೆಯಿಂದ ಒಲೆಯನ್ನು ಕಿತ್ತು, ಬಡ್ಡಿಯ ಸಾಲದಿಂದ ಕಟ್ಟೆಯನ್ನು ಕಟ್ಟಿಸಿದವನಿಗೆ ಮುಂದೆ ಬೀಜ-ಗೊಬ್ಬರಕ್ಕೋ ಮಕ್ಕಳ ಶಿಕ್ಷಣಕ್ಕೋ ಕೊರತೆ ತಪ್ಪಿದ್ದಲ್ಲ. ಹಣವು ಕೈಸೇರಿದ ಬಳಿಕವೇ ಗವಂಡಿಯನ್ನು ಕರೆಯಬೇಕು. ಅದರಲ್ಲಿಯೂ ಆರರಲ್ಲೊಂದು ಪಾಲನ್ನು ಅವನಿಗೆ ತಿಳಿಸದೆ ತೆಗೆದಿಡುವದು ಲೇಸು. ಯಾಕಂದರೆ, ಹಳೆಯ ಗೋಡೆಯ ಹೊಟ್ಟೆಯೊಳಗೆ ಏನಿದೆಯೆಂಬುದು ಅದನ್ನು ಕೆದಕಿದಾಗಲೇ ತಿಳಿಯುವದು.

ನಮ್ಮ ಹಳೆಯ ಮನೆಗಳು ಕಲ್ಲು-ಮಣ್ಣಿನ ಗೋಡೆಯವು, ಮೇಲೆ ಮಣ್ಣಿನ ಮಾಳಿಗೆ. ಆ ಭಾರವನ್ನೆಲ್ಲ ಗೋಡೆಗಳೇ ಹೊತ್ತಿರುತ್ತವೆ. ಅಡುಗೆಮನೆಯನ್ನು ವಿಸ್ತರಿಸಲೆಂದು ಗೋಡೆಯನ್ನು ತೆಗೆದರೆ ತೊಲೆ, ಕಂಬ, ಆಸರೆಗಳ ವೆಚ್ಚವು ಕಟ್ಟೆಯ ವೆಚ್ಚವನ್ನು ಮೀರುವದು; ಅಪಾಯವು ಬೇರೆ. ಬೆಳಕು ಸಾಲದಿದ್ದರೆ ಹಳೆಯ ಗವಾಕ್ಷಿಗೆ ಗಾಜು ಹಾಕಿಸಿದರಾಯಿತು. ಮೋರಿಯನ್ನೂ ಇದ್ದಲ್ಲಿಯೇ ಇರಗೊಡಬೇಕು. ಅದು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋದರೆ ನೆಲವೆಲ್ಲ ಅಗೆದು ಕೊಳವೆಯನ್ನು ಹೊಸದಾಗಿ ಹೂಳಬೇಕಾಗುವದು.

ಗಿಲಾವದ ವಿಷಯದಲ್ಲಿ ಒಂದು ಮಾತು. ಮಣ್ಣಿನ ಗೋಡೆಗೆ ಸಿಮೆಂಟು ಬಳಿದರೆ ಒಳಗಿನ ತೇವವು ಹೊರಬೀಳಲಾರದೆ ಗಿಲಾವವು ಹಪ್ಪಳದಂತೆ ಉಬ್ಬಿ ಕಳಚುವದು; ಸುಣ್ಣದ ಗಿಲಾವವು ಗೋಡೆಗೆ ಉಸಿರಾಡಗೊಡುವದು. ಭೂಗರ್ಭಶಾಸ್ತ್ರಜ್ಞರು ಕಲಾದಗಿಯ ಶಿಲಾಸಮೂಹದ ಒಂದು ಉಪವರ್ಗಕ್ಕೆ ನಮ್ಮ ಲೋಕಾಪುರದ ಹೆಸರನ್ನೇ ಇಟ್ಟಿರುವರು, ಸುಣ್ಣಕಲ್ಲಿನ ನಾಡಿದು. ಸಿಮೆಂಟಿನ ಕಾರ್ಖಾನೆಗಳು ಇಲ್ಲಿಗೆ ಬಂದುದೂ ಅದಕ್ಕಾಗಿಯೇ. ಹೊಸ ಕಟ್ಟೆಗೂ ನೆಲಕ್ಕೂ ಸಿಮೆಂಟು ಬೇಕೇ ಬೇಕು. 2025ರ ಸೆಪ್ಟೆಂಬರ 22ರಿಂದ ಅದರ ಮೇಲಿನ ಜಿ.ಎಸ್.ಟಿ. ತೆರಿಗೆಯು ಪ್ರತಿಶತ 28ರಿಂದ 18ಕ್ಕೆ ಇಳಿದಿರುವದರಿಂದ, ಹಿಂದಿನ ದರದಲ್ಲಿ ಅಂದಾಜು ಬರೆದಿಟ್ಟವರು ಅಂಗಡಿಯಲ್ಲಿ ಇನ್ನೊಮ್ಮೆ ಕೇಳತಕ್ಕದ್ದು.

ಇನ್ನು ಟೈಲ್ಸಿನ ಮೋಹ. 10 ಫೂಟು ಉದ್ದ, 8 ಫೂಟು ಅಗಲದ ಕೋಣೆಯ ನೆಲವು 80 ಚದರ ಫೂಟು. 2 ಫೂಟು ಚೌಕದ ಬಿಲ್ಲೆಗಳು 20 ಸಾಕು. ಒಡಕಿಗೆಂದು ಎರಡು ಹೆಚ್ಚು ತರಬೇಕು. ಆದರೆ ನಾಲ್ಕೂ ಗೋಡೆಗಳಿಗೆ 7 ಫೂಟು ಎತ್ತರದವರೆಗೆ ಹಚ್ಚಿಸಹೊರಟರೆ ಸುತ್ತಳತೆ 36 ಫೂಟಾದುದರಿಂದ, ಬಾಗಿಲನ್ನು ಕಳೆಯದೆ, 252 ಚದರ ಫೂಟಾಗುವದು. ಅಂದರೆ ನೆಲದ ಮೂರು ಪಟ್ಟಿಗೂ ಹೆಚ್ಚು. ಕೂಲಿಯೂ ಅಷ್ಟೇ ಹೆಚ್ಚು. 8 ಫೂಟಿನ ಕಟ್ಟೆಯ ಹಿಂದೆ 2 ಫೂಟು ಎತ್ತರಕ್ಕೆ ಹಚ್ಚಿಸಲು 16 ಚದರ ಫೂಟು ಸಾಕು. ಒಗ್ಗರಣೆಯು ಸಿಡಿಯುವದು ಅಲ್ಲಿಗೆ ಮಾತ್ರವಷ್ಟೇ!

ಕಟ್ಟೆಯ ಎತ್ತರವನ್ನು ಗಂಡಸರು ನಿರ್ಣಯಿಸುವದು ನಮ್ಮಲ್ಲಿಯ ದೊಡ್ಡ ಅವಿವೇಕ. ಅಡಿಗೆ ಮಾಡುವವಳನ್ನು ನಿಲ್ಲಿಸಿ, ಅವಳ ಮೊಣಕೈಗಿಂತ ನಾಲ್ಕಾರು ಇಂಚು ಕೆಳಗೆ ಗೋಡೆಯ ಮೇಲೆ ಗೆರೆಯೆಳೆಯಬೇಕು. ಕುಳಿತು ಜೋಳದ ರೊಟ್ಟಿ ಬಡಿಯುವ ರೂಢಿಯಿರುವ ಮನೆಯಲ್ಲಿ ಕೊಣಮಿಗೆಗೂ ಕಟ್ಟಿಗೆಯ ಒಲೆಗೂ ಸ್ಥಳವನ್ನು ಉಳಿಸಬೇಕು. ಹೊಸ ಕಟ್ಟೆಯಾದ ಮೇಲೆ ಹಿತ್ತಿಲಲ್ಲಿ ರೊಟ್ಟಿಗಾಗಿ ಇನ್ನೊಂದು ಒಲೆಯನ್ನು ಹೂಡಿ ಎರಡನೆಯ ಸಲ ಖರ್ಚು ಮಾಡಿದ ಮನೆಗಳುಂಟು.

ಇಷ್ಟೆಲ್ಲ ನಿರ್ಣಯವಾದ ಬಳಿಕವೂ ಒಂದು ದಿನ ಗವಂಡಿಯು, “ಯಜಮಾನ್ರ, ಹೆಂಗಿದ್ರೂ ಕೆಲಸ ತಗದೇವಿ, ಈ ಗ್ವಾಡಿಗೂ ಟೈಲ್ಸ್ ಹಚ್ಚಿಬಿಟ್ರ ಚೊಲೊ ಕಾಣ್ತೈತ್ರಿ” ಎನ್ನುವನು. ಅವನದು ದುರುದ್ದೇಶವಲ್ಲ, ಕಸಬಿನ ಉತ್ಸಾಹ. ಆಗ ವಹಿಯನ್ನು ತೆರೆದು, ಸಾಮಾನೆಷ್ಟು, ಕೂಲಿಯೆಷ್ಟು ಎಂದು ಅವನ ಎದುರಿಗೇ ಬರೆದು, ಮನೆಯವಳಿಗೆ ಓದಿ ಹೇಳಿ, ಒಂದು ರಾತ್ರಿ ಕಳೆಯಗೊಡಬೇಕು. ಬೆಳಗಾಗುವಷ್ಟರಲ್ಲಿ ಅರ್ಧ ಆಸೆಗಳು ತಾವಾಗಿಯೇ ಇಳಿದಿರುತ್ತವೆ.

ಕೂಲಿಯ ಕೊನೆಯ ಕಂತನ್ನು ಕೊಡುವ ಮೊದಲು ಎರಡು ಕೊಡ ನೀರನ್ನು ನೆಲಕ್ಕೆ ಸುರುವಿ, ಅದು ತಾನಾಗಿಯೇ ಮೋರಿಗೆ ಹರಿಯುವದೋ, ಮೂಲೆಯಲ್ಲಿ ನಿಲ್ಲುವದೋ ನೋಡತಕ್ಕದ್ದು. ನಿಂತರೆ ಆ ದಿನವೇ ಸರಿಪಡಿಸಲು ಹೇಳಬೇಕು. ಹಣ ಮುಟ್ಟಿದ ಗವಂಡಿಯು ಮರುದಿನ ಬೇರೆ ಊರಿನಲ್ಲಿರುತ್ತಾನೆ.