ಮೊದಲ ಪಂದ್ಯ ಸೋತವರು ಮನೆಗೆ ಯಾಕೆ ಹೋಗ್ಬೇಕು? ಹಳಬರು, ಹೊಸಬರು ಇಬ್ಬರಿಗೂ ಹೊಂದುವ ಕೇರಂ ಪಂದ್ಯಾಟ ಹೀಗೆ ಮಾಡಬಹುದು

ಉದ್ಯಾವರ: ಜೂನ್ 1ರಿಂದ ಜುಲೈ 31ರ ತನಕ ಯಾಂತ್ರೀಕೃತ ಬೋಟ್‌ಗಳು ಕಡಲಿಗೆ ಇಳಿಯುವಂತಿಲ್ಲ. ಮೈದಾನದಲ್ಲಿ ಕೆಸರು, ಕ್ರಿಕೆಟ್ ಬಂದ್. ವಾಲಿಬಾಲ್ ನೆಟ್ ಮಡಚಿ ಒಳಗಿಟ್ಟಾಗಿದೆ. ಇಂಥ ಹೊತ್ತಿನಲ್ಲಿ ಊರಿನ ಹುಡುಗರಿಗೆ, ದೊಡ್ಡವರಿಗೆ ಸೂರಿನಡಿ ಆಡಲು ಸಿಗುವ ಆಟ ಕೇರಂ. ಹೀಗಾಗಿ ಮಳೆಗಾಲ ಬಂತೆಂದರೆ ಉಡುಪಿ, ಕಾಪು, ಕಾರ್ಕಳ ಕಡೆಯ ಯುವಕ ಮಂಡಲಗಳು, ಫ್ರೆಂಡ್ಸ್ ಸರ್ಕಲ್‌ಗಳು ಒಂದು ಆದಿತ್ಯವಾರ ಹಾಲ್ ಹಿಡಿದು ಡಬಲ್ಸ್ ಪಂದ್ಯಾಟ ಇಡುವುದು ರೂಢಿ.

ಆದ್ರೆ ಒಂದು ಸಮಸ್ಯೆ ಎಲ್ಲ ಕಡೆ ಇದೆ. ಮೊದಲ ವರ್ಷ 32 ಜೋಡಿ ಬರ್ತಾರೆ. ಎರಡನೇ ವರ್ಷ ಅಷ್ಟು ಇರೋದಿಲ್ಲ. ಆಮೇಲೆ ಬರುವವರು ಅದೇ ಏಳೆಂಟು ಹಳೇ ಜೋಡಿಗಳು. ಹೊಸಬರು ಯಾಕೆ ಬರೋದಿಲ್ಲ ಅಂತ ಸಂಘಟಕರು ತಲೆ ಕೆರೆದುಕೊಳ್ತಾರೆ. ಉತ್ತರ ಹುಡುಗರ ಆಸಕ್ತಿಯಲ್ಲಿ ಇಲ್ಲ, ಪಂದ್ಯ ಆಡಿಸುವ ಕ್ರಮದಲ್ಲಿ ಇದೆ.

ನಾಕೌಟ್ ಲೆಕ್ಕ ಒಮ್ಮೆ ನೋಡಿ

32 ಜೋಡಿ, ಸೋತವರು ಹೊರಗೆ. ಒಟ್ಟು ನಡೆಯುವುದು 31 ಪಂದ್ಯ. ಮೊದಲ ಸುತ್ತು ಮುಗಿಯುವಾಗ 16 ಜೋಡಿ ಮನೆಗೆ. ಅಂದ್ರೆ ಪ್ರವೇಶ ಶುಲ್ಕ ಕೊಟ್ಟು, ಬೆಳಿಗ್ಗೆ ಎದ್ದು ಬಂದವರಲ್ಲಿ ಅರ್ಧ ಜನಕ್ಕೆ ಸಿಕ್ಕಿದ್ದು ಒಂದೇ ಒಂದು ಪಂದ್ಯ.

ಕೇರಂನಲ್ಲಿ ಆ ಒಂದು ಪಂದ್ಯವೂ ಆಡಲು ಸಿಗುತ್ತದೆ ಅನ್ನುವ ಖಾತ್ರಿ ಇಲ್ಲ. ಹೊಡೆದ ಕಾಯಿ ಬಿದ್ದಷ್ಟು ಹೊತ್ತು ಅದೇ ಆಟಗಾರನ ಸರದಿ. ಪಳಗಿದ ಆಟಗಾರ ಬ್ರೇಕ್ ಮಾಡಿ ಒಂಬತ್ತು ಬಿಳಿ ಕಾಯಿ, ರೆಡ್ ಎಲ್ಲವನ್ನೂ ಒಂದೇ ಸರದಿಯಲ್ಲಿ ಹಾಕಿಬಿಡಬಹುದು. ಅದಕ್ಕೆ ವೈಟ್ ಸ್ಲ್ಯಾಮ್ ಅಂತ ಹೆಸರು. ಎದುರು ಕೂತ ಹೊಸಬ ಸ್ಟ್ರೈಕರ್ ಮುಟ್ಟದೆ ಬೋರ್ಡ್ ಮುಗಿದಿರುತ್ತದೆ. ಅವನು ಮುಂದಿನ ವರ್ಷ ಯಾಕೆ ಬರಬೇಕು?

ಇನ್ನೊಂದು ನಷ್ಟವೂ ಇದೆ. ಎಂಟು ಬೋರ್ಡ್ ತಂದು ಇಟ್ಟಿದ್ರೆ ಕ್ವಾರ್ಟರ್ ಫೈನಲ್‌ಗೆ ನಾಲ್ಕು, ಸೆಮಿಗೆ ಎರಡು, ಫೈನಲ್‌ಗೆ ಒಂದು ಸಾಕು. ಮಧ್ಯಾಹ್ನದ ಹೊತ್ತಿಗೆ ಬಾಡಿಗೆಯ ಹಾಲ್‌ನಲ್ಲಿ ಬೋರ್ಡ್‌ಗಳು ಖಾಲಿ, ಕುರ್ಚಿಗಳೂ ಖಾಲಿ. ಚಾ-ತಿಂಡಿ ಸ್ಟಾಲ್ ಇಟ್ಟವರಿಗೂ ವ್ಯಾಪಾರ ಇಲ್ಲ.

ಚೆಸ್‌ನವರ ದಾರಿ: ಸ್ವಿಸ್ ಕ್ರಮ

ನಮ್ಮ ಜಿಲ್ಲೆಯಲ್ಲಿ ಚೆಸ್ ಆಡುವ ಮಕ್ಕಳ ಹೆತ್ತವರಿಗೆ ಇದು ಗೊತ್ತಿರುತ್ತದೆ. ಚೆಸ್ ಪಂದ್ಯಾಟದಲ್ಲಿ ಮೊದಲ ಸುತ್ತು ಸೋತ ಮಗು ಮನೆಗೆ ಹೋಗೋದಿಲ್ಲ, ಕೊನೆಯ ಸುತ್ತಿನ ತನಕ ಆಡುತ್ತದೆ. ಇದಕ್ಕೆ ಸ್ವಿಸ್ ಕ್ರಮ ಅಂತಾರೆ. 1895ರಲ್ಲಿ ಸ್ವಿಜರ್ಲೆಂಡಿನ ಜ್ಯೂರಿಕ್‌ನಲ್ಲಿ ಮೊದಲು ಬಳಸಿದ್ದರಿಂದ ಆ ಹೆಸರು.

ನಿಯಮ ಸುಲಭ. ಗೆದ್ದವರು ಗೆದ್ದವರ ಜೊತೆ, ಸೋತವರು ಸೋತವರ ಜೊತೆ ಮುಂದಿನ ಸುತ್ತು ಆಡ್ತಾರೆ. ಒಮ್ಮೆ ಎದುರಾದ ಜೋಡಿ ಮತ್ತೆ ಎದುರಾಗಬಾರದು. ಹೀಗೆ ಸುತ್ತು ಮುಂದೆ ಹೋದಂತೆ ಪ್ರತಿಯೊಬ್ಬರಿಗೂ ತನ್ನ ಮಟ್ಟದ ಎದುರಾಳಿಯೇ ಸಿಗ್ತಾನೆ. ಬಲಿಷ್ಠರಿಗೆ ಬಲಿಷ್ಠರು, ಕಲಿಯುವವರಿಗೆ ಕಲಿಯುವವರು.

32 ಜೋಡಿಗೆ ನಾಲ್ಕು ಸುತ್ತು ಆಡಿಸಿದ್ರೆ, ಯಾವ ಪಂದ್ಯವೂ ಸಮ ಆಗದಿದ್ದರೆ, ನಾಲ್ಕೂ ಗೆದ್ದವರು 2 ಜೋಡಿ, ಮೂರು ಗೆದ್ದವರು 8, ಎರಡು ಗೆದ್ದವರು 12, ಒಂದು ಗೆದ್ದವರು 8, ಒಂದೂ ಗೆಲ್ಲದವರು 2 ಜೋಡಿ ಮಾತ್ರ. ಗಮನಿಸಿ: 32ರಲ್ಲಿ 30 ಜೋಡಿ ಕನಿಷ್ಠ ಒಂದು ಪಂದ್ಯ ಗೆದ್ದೇ ಮನೆಗೆ ಹೋಗ್ತಾರೆ.

ಒಂದೇ ದಿನದಲ್ಲಿ ಮುಗಿಯುತ್ತದಾ?

ಮುಗಿಯುತ್ತದೆ, ಆದ್ರೆ ಗಡಿಯಾರ ಹಿಡಿದು ಆಡಿಸ್ಬೇಕು. ಅಂತಾರಾಷ್ಟ್ರೀಯ ನಿಯಮದಲ್ಲಿ ಒಂದು ಗೇಮ್ ಅಂದ್ರೆ 25 ಅಂಕ ಅಥವಾ 8 ಬೋರ್ಡ್, ಯಾವುದು ಮೊದಲೋ ಅದು. ಮೂರರಲ್ಲಿ ಎರಡು ಗೇಮ್ ಗೆದ್ದವರಿಗೆ ಪಂದ್ಯ. ಇಷ್ಟು ಉದ್ದ ಆಟ ಫೈನಲ್‌ಗೆ ಸರಿ. ಮೊದಲ ಸುತ್ತುಗಳಿಗೆ ಹೀಗೆ ಮಾಡಬಹುದು:

ಪ್ರತಿ ಪಂದ್ಯಕ್ಕೆ 20 ನಿಮಿಷ. ಗಂಟೆ ಬಡಿದ ಮೇಲೆ ಹೊಸ ಬೋರ್ಡ್ ಶುರು ಮಾಡುವಂತಿಲ್ಲ. ನಡೆಯುತ್ತಿರುವ ಬೋರ್ಡ್‌ಗೆ ಮತ್ತೆ 5 ನಿಮಿಷ. ಅಷ್ಟರಲ್ಲೂ ಮುಗಿಯದಿದ್ರೆ ಯಾರ ಕಾಯಿ ಕಡಿಮೆ ಉಳಿದಿದೆಯೋ ಅವರಿಗೆ ವ್ಯತ್ಯಾಸದಷ್ಟು ಅಂಕ. ಒಟ್ಟು ಅಂಕ ಸಮ ಆದ್ರೆ ಎರಡೂ ಜೋಡಿಗೆ ಅರ್ಧರ್ಧ ಗೆಲುವು.

ಎಂಟು ಬೋರ್ಡ್ ಇದ್ರೆ ಒಂದು ಸುತ್ತಿನ 16 ಪಂದ್ಯ ಎರಡು ಕಂತಿನಲ್ಲಿ ಮುಗಿಯುತ್ತದೆ. ಆಟಕ್ಕೆ 25 ನಿಮಿಷ, ಜಾಗ ಬದಲಿಸಲು 5 ನಿಮಿಷ ಅಂತ ಹಿಡಿದ್ರೆ ಒಂದು ಸುತ್ತಿಗೆ ಒಂದು ಗಂಟೆ. ಬೆಳಿಗ್ಗೆ 9.30ಕ್ಕೆ ಶುರು ಮಾಡಿದ್ರೆ ನಾಲ್ಕು ಸುತ್ತು 1.30ಕ್ಕೆ ಮುಗಿಯುತ್ತದೆ. ಎಲ್ಲರೂ ಊಟದ ತನಕ ಹಾಲ್‌ನಲ್ಲೇ ಇರ್ತಾರೆ.

ಮಧ್ಯಾಹ್ನ ಎರಡು ಫೈನಲ್

ಊಟದ ನಂತರ ಎರಡು ವಿಭಾಗ. ಮೊದಲ ಎಂಟು ಸ್ಥಾನದ ಜೋಡಿಗಳು 'ಎ' ವಿಭಾಗಕ್ಕೆ. ಗೆಲುವು ಸಮ ಇದ್ದವರ ನಡುವೆ ಒಟ್ಟು ಅಂಕದ ವ್ಯತ್ಯಾಸ ನೋಡಿ ತೀರ್ಮಾನ. ಹೊಸಬರು ಅಂತ ಹೆಸರು ಕೊಟ್ಟವರಲ್ಲಿ, 'ಎ'ಗೆ ಹೋಗದ ಉತ್ತಮ ಎಂಟು ಜೋಡಿ 'ಬಿ' ವಿಭಾಗಕ್ಕೆ. ಎರಡಕ್ಕೂ ಕ್ವಾರ್ಟರ್ ಫೈನಲ್ ಒಟ್ಟಿಗೆ ಶುರು. ನಾಲ್ಕು ಮತ್ತು ನಾಲ್ಕು, ಎಂಟೂ ಬೋರ್ಡ್ ಭರ್ತಿ. ಇಲ್ಲಿಂದ ಸೋತವರು ಹೊರಗೆ, ಅದರಲ್ಲಿ ಯಾರಿಗೂ ಬೇಸರ ಇರೋದಿಲ್ಲ. ನಾಲ್ಕು ಪಂದ್ಯ ಆಡಿ ಆಗಿದೆ ಅಲ್ವಾ.

ಹಾಗಾದ್ರೆ ಹೊಸಬ ಅಂದ್ರೆ ಯಾರು? ವಯಸ್ಸು ನೋಡ್ಬೇಡಿ. ಹದಿನಾಲ್ಕರ ಹುಡುಗ ಚೆನ್ನಾಗಿ ಪಳಗಿರಬಹುದು, ಐವತ್ತರ ಅಂಗಡಿಯವರು ಮೊದಲ ಸಲ ಬಂದಿರಬಹುದು. ನಗದು ಬಹುಮಾನ ಇದ್ದ ಯಾವ ಪಂದ್ಯಾಟದಲ್ಲೂ ಸೆಮಿಫೈನಲ್ ತಲುಪದವರು ಹೊಸಬರು ಅಂತ ಒಂದೇ ಸಾಲು ಬರೆದ್ರೆ ಸಾಕು. ಜೋಡಿಯಲ್ಲಿ ಒಬ್ಬ ಹಳಬನಿದ್ರೂ ಅದು ಹಳಬರ ಜೋಡಿ. ಊರು ಸಣ್ಣದು, ಸುಳ್ಳು ಹೇಳಿದ್ರೆ ಚಾ ಕುಡಿಯುವಷ್ಟರಲ್ಲಿ ಗೊತ್ತಾಗುತ್ತದೆ.

ಮೊದಲ ಸುತ್ತಿನ ಚೀಟಿ ಎತ್ತುವಾಗ ಹೊಸಬರ ಡಬ್ಬ ಬೇರೆ, ಹಳಬರ ಡಬ್ಬ ಬೇರೆ ಇಡಿ. ದಿನದ ಮೊದಲ ಪಂದ್ಯದಲ್ಲೇ ಹೊಸಬನನ್ನು ಚಾಂಪಿಯನ್ ಎದುರು ಕೂರಿಸ್ಬೇಡಿ. ಎರಡನೇ ಸುತ್ತಿನಿಂದ ಗೆಲುವಿನ ಲೆಕ್ಕವೇ ಜೋಡಿಗಳನ್ನು ಬೆರೆಸುತ್ತದೆ.

ಹಳಬರಿಗೆ ಇದರಲ್ಲಿ ಏನು ಲಾಭ ಅಂತ ಕೇಳಬಹುದು. ಅವರಿಗೂ ನಾಲ್ಕು ಸುತ್ತು ಖಚಿತ, ಒಂದು ಕೆಟ್ಟ ಬೋರ್ಡ್‌ನಿಂದ ದಿನ ಹಾಳಾಗೋದಿಲ್ಲ. ಮೂರು, ನಾಲ್ಕನೇ ಸುತ್ತಿಗೆ ಬರುವಾಗ ಸಮಬಲದವರೇ ಎದುರಾಗ್ತಾರೆ. ದೊಡ್ಡ ಬಹುಮಾನ, ಶಾಶ್ವತ ಫಲಕ 'ಎ' ವಿಭಾಗಕ್ಕೇ ಇರಲಿ. 'ಬಿ'ಗೆ ನಗದಿಗಿಂತ ಒಳ್ಳೇ ಸ್ಟ್ರೈಕರ್, ಒಂದು ಸೆಟ್ ಕಾಯಿ ಕೊಟ್ರೆ ಮನೆಯಲ್ಲಿ ಆಡಿ ಕಲಿಯೋಕೆ ಆಗುತ್ತದೆ. ನಗದು ಕಡಿಮೆ ಇದ್ರೆ ಹಳಬರು ಹೊಸಬರ ವೇಷ ಹಾಕಿ ಬರುವುದೂ ತಪ್ಪುತ್ತದೆ.

ಜಗಳ ಶುರುವಾಗುವ ಮೊದಲೇ ನಿಯಮ ಗೋಡೆಗೆ

ಒಂದೊಂದು ಮನೆಯಲ್ಲಿ ಒಂದೊಂದು ನಿಯಮ. ಪಂದ್ಯಾಟದಲ್ಲಿ ಗಲಾಟೆ ಆಗುವುದು ಬಹುಪಾಲು ಇದರಿಂದಲೇ. ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಬೇಕಾದ್ದು ಇಷ್ಟು:

ಒಟ್ಟು 19 ಕಾಯಿ: ಬಿಳಿ 9, ಕಪ್ಪು 9, ರೆಡ್ 1. ಬ್ರೇಕ್ ಮಾಡುವವರದ್ದು ಬಿಳಿ. ಸ್ಟ್ರೈಕರ್ ಎರಡೂ ಬೇಸ್‌ಲೈನ್ ಗೆರೆಗೆ ತಾಗಿರ್ಬೇಕು. ರೆಡ್ ಹಾಕಿದ ಮೇಲೆ ಅದೇ ಹೊಡೆತದಲ್ಲಿ ಅಥವಾ ಮುಂದಿನ ಹೊಡೆತದಲ್ಲಿ ತನ್ನ ಕಾಯಿ ಹಾಕಿ ಕವರ್ ಮಾಡ್ಬೇಕು, ಇಲ್ಲದಿದ್ರೆ ರೆಡ್ ವಾಪಸ್. ಸ್ಟ್ರೈಕರ್ ಬಿದ್ರೆ ಒಂದು ಕಾಯಿ ದಂಡ. ಬೋರ್ಡ್ ಗೆದ್ದವರಿಗೆ ಎದುರಾಳಿಯ ಎಷ್ಟು ಕಾಯಿ ಉಳಿದಿದೆಯೋ ಅಷ್ಟು ಅಂಕ, ರೆಡ್ ಕೂಡ ಅವರೇ ಕವರ್ ಮಾಡಿದ್ರೆ ಮೇಲೆ 3. ಉದಾಹರಣೆಗೆ ನಾಲ್ಕು ಕಾಯಿ ಬಾಕಿ ಇದ್ದು ರೆಡ್ ಗೆದ್ದವರದ್ದೇ ಆದ್ರೆ 7 ಅಂಕ. 22 ಅಂಕ ತಲುಪಿದವರಿಗೆ ರೆಡ್‌ನ 3 ಅಂಕ ಸಿಗೋದಿಲ್ಲ.

ಸ್ಟ್ರೈಕರ್ ತೂಕ 15 ಗ್ರಾಂ ಮೀರಬಾರದು. ಭಾರದ ಸ್ಟ್ರೈಕರ್ ತರುವವರು ಇದ್ದೇ ಇರ್ತಾರೆ. ಚಿನ್ನದಂಗಡಿಯ ತಕ್ಕಡಿ ಅರ್ಧ ಗಂಟೆಗೆ ಎರವಲು ಸಿಕ್ಕಿದ್ರೆ ಸಾಕು, ವಾದ ಮುಗಿಯಿತು.

ಅಂಪೈರ್ ಕೊರತೆಗೆ ಉಪಾಯ ಇದೆ. ಒಂದು ಕಂತು ಆಡುವಾಗ ಇನ್ನೊಂದು ಕಂತಿನವರು ಸುಮ್ಮನೆ ಕೂತಿರ್ತಾರೆ. ಅವರಲ್ಲಿ ಹಳಬರನ್ನು ಬೋರ್ಡಿಗೊಬ್ಬರಂತೆ ನಿಲ್ಲಿಸಿ. ಹೊಸಬನಿಗೆ ನಿಯಮ ಹೇಳಿಕೊಡುವ ಕೆಲಸವೂ ಅಲ್ಲೇ ಆಗುತ್ತದೆ. ಸಾಧ್ಯ ಆದ್ರೆ ಮೂಲೆಯಲ್ಲಿ ಒಂಬತ್ತನೇ ಬೋರ್ಡ್ ಇಡಿ, ಅದು ಬರೀ ಅಭ್ಯಾಸಕ್ಕೆ.

ಮಳೆ, ಕರೆಂಟ್, ಪೌಡರ್

ಕರಾವಳಿಯ ಮಳೆಗಾಲದಲ್ಲಿ ಬೋರ್ಡ್ ಥಂಡಿ ಹಿಡಿಯುತ್ತದೆ, ಪೌಡರ್ ಗಂಟು ಕಟ್ಟುತ್ತದೆ, ಕಾಯಿ ಓಡೋದಿಲ್ಲ. ಹಿಂದಿನ ರಾತ್ರಿಯೇ ಬೋರ್ಡ್ ತಂದು ನೆಲಕ್ಕೆ ತಾಗದಂತೆ ಇಟ್ಟು, ಫ್ಯಾನ್ ಕೆಳಗೆ ಒಣಗಿಸ್ಬೇಕು. ಎಂಟೂ ಬೋರ್ಡ್ ಒಂದೇ ಅಳತೆಯದ್ದಾಗಿರಲಿ. ಆಡುವ ಜಾಗ 74 ಸೆಂಟಿಮೀಟರ್ ಚೌಕ ಇರುವುದು ನಿಯಮದ ಬೋರ್ಡ್. ಪ್ರತಿ ಬೋರ್ಡ್ ಮೇಲೆ ನೇರ ಒಂದು ಬಲ್ಬ್ ಬೇಕು, ಪಕ್ಕದಿಂದ ಬೆಳಕು ಬಂದ್ರೆ ನೆರಳು ಬೀಳುತ್ತದೆ. ಗಾಳಿಮಳೆಗೆ ಕರೆಂಟ್ ಹೋಗುವುದು ಹೊಸ ವಿಷಯ ಅಲ್ಲ, ಇನ್ವರ್ಟರ್ ಅಥವಾ ಜನರೇಟರ್ ಮೊದಲೇ ಮಾತಾಡಿಟ್ಟುಕೊಳ್ಳಿ. ಕರೆಂಟ್ ಹೋದ್ರೆ ಗಡಿಯಾರವೂ ನಿಲ್ಲುತ್ತದೆ ಅಂತ ನಿಯಮ ಬರೆಯಿರಿ. ಬೋರಿಕ್ ಪೌಡರ್ ಹೊಟ್ಟೆಗೆ ಹೋಗಬಾರದು, ಮಕ್ಕಳು ಬನ್ಸ್ ತಿನ್ನುವ ಮೊದಲು ಕೈ ತೊಳೆಯುವ ಹಾಗೆ ನೀರು, ಸಾಬೂನು ಇಡಿ.

ಅಂಗಡಿ ಬಿಟ್ಟು ಬರಲಾಗದವರಿಗೆ

ಪೇಟೆಯ ಅಂಗಡಿಯವರಿಗೆ ದಿನವಿಡೀ ಕೂರಲು ಆಗೋದಿಲ್ಲ. ಅವರಿಗೆ ಇನ್ನೊಂದು ಕ್ರಮ ಇದೆ, ಅದು ಬಂದಿರುವುದು ಪಿನ್‌ಬಾಲ್‌ನಿಂದ. ಗಾಜಿನ ಕೆಳಗೆ ಉಕ್ಕಿನ ಗುಂಡು ಓಡುವ, ಎರಡು ಬದಿಯ ಗುಂಡಿ ಒತ್ತಿ ಅದು ಕೆಳಗೆ ಬೀಳದಂತೆ ತಡೆಯುವ ಯಂತ್ರದ ಆಟ ಅದು. ಅಮೆರಿಕದಂಥ ಕಡೆ ಅದಕ್ಕೆ ದೊಡ್ಡ ಪಂದ್ಯಾಟಗಳೇ ನಡೆಯುತ್ತವೆ. ಅಲ್ಲಿ 'ಫ್ಲಿಪ್ ಫ್ರೆಂಜಿ' ಅನ್ನುವ ಕ್ರಮದಲ್ಲಿ ಸುತ್ತುಗಳೇ ಇಲ್ಲ. ಆಟಗಾರರು ಸಾಲಿನಲ್ಲಿ ಇರ್ತಾರೆ. ಯಂತ್ರ ಖಾಲಿ ಆದ ಹಾಗೆ ಸಾಲಿನ ಮುಂದಿನವರು ಆಡ್ತಾರೆ, ಮುಗಿಸಿ ಮತ್ತೆ ಸಾಲಿನ ಕೊನೆಗೆ. ನಿಗದಿತ ಸಮಯ ಮುಗಿದಾಗ ಗೆಲುವು-ಸೋಲಿನ ಲೆಕ್ಕ ನೋಡಿ ಸ್ಥಾನ.

ಇದನ್ನೇ ಕೇರಂಗೆ ತರಬಹುದು. ಶಟರ್ ಎಳೆದ ಮೇಲೆ ರಾತ್ರಿ ಎರಡು ಗಂಟೆ, ನಾಲ್ಕು ಬೋರ್ಡ್, ಒಂದು ಬೋರ್ಡ್ ಆಟಕ್ಕೆ ಒಂದು ಪಂದ್ಯ. ತಡವಾಗಿ ಬಂದವರು ಸಾಲಿಗೆ ಸೇರಿದ್ರೆ ಆಯ್ತು. ಮೈಕ್ ಬೇಕಿದ್ರೆ ಪೊಲೀಸ್ ಅನುಮತಿ ಬೇಕು, ರಾತ್ರಿ 10ರ ನಂತರ ಧ್ವನಿವರ್ಧಕ ಹಾಕುವಂತಿಲ್ಲ.

ಪ್ರಾಯೋಜಕರ ವಿಷಯದಲ್ಲೂ ಒಂದು ಮಾತು. ಒಬ್ಬರೇ ದೊಡ್ಡ ದಾನಿಯನ್ನು ಹುಡುಕುವ ಬದಲು ಬೋರ್ಡಿಗೊಂದು ಅಂಗಡಿ ಅಂತ ಹಂಚಿ. ಎಂಟು ಅಂಗಡಿಗೆ ಖರ್ಚೂ ಸಣ್ಣದು, ಬೆಳಿಗ್ಗೆಯಿಂದ ಸಂಜೆ ತನಕ 64 ಜನ ಆಟಗಾರರು ಆ ಹೆಸರಿನ ಎದುರೇ ಕೂರ್ತಾರೆ. ನಾಕೌಟ್‌ನಲ್ಲಿ ಅರ್ಧ ಜನ ಹನ್ನೊಂದು ಗಂಟೆಗೇ ಹೋಗಿರ್ತಾರೆ.

ಚಾಂಪಿಯನ್‌ಗಳು ಬರುವುದು ಎಲ್ಲಿಂದ?

ಕೇರಂನಲ್ಲಿ ಅರ್ಜುನ ಪ್ರಶಸ್ತಿ ಪಡೆದ ಮರಿಯ ಇರುದಯಂ ಎರಡು ಬಾರಿ ವಿಶ್ವ ಚಾಂಪಿಯನ್, ಚೆನ್ನೈಯವರು. 2024ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ನಡೆದ ವಿಶ್ವಕಪ್‌ನಲ್ಲಿ ಮೂರು ಚಿನ್ನ ಗೆದ್ದ ಖಾಜಿಮಾ ಕೂಡ ಚೆನ್ನೈಯ ಹುಡುಗಿ, ಆಟೋ ಚಾಲಕರ ಮಗಳು. ಕೇರಂ ಬೋರ್ಡ್ ಇಡೋಕೆ ದೊಡ್ಡ ಸ್ಟೇಡಿಯಂ ಬೇಡ, ಗಲ್ಲಿಯ ಒಂದು ಕೋಣೆ ಸಾಕು. ಆದ್ರೆ ಆ ಕೋಣೆಗೆ ಮಕ್ಕಳು ಮತ್ತೆ ಮತ್ತೆ ಬರುವ ಹಾಗಿರ್ಬೇಕು. ನಮ್ಮಲ್ಲಿ ಹುಡುಗಿಯರು ಮನೆಯೊಳಗೆ ಚೆನ್ನಾಗಿ ಆಡ್ತಾರೆ, ಹಾಲ್‌ಗೆ ಬರೋದಿಲ್ಲ. ಅಕ್ಕ-ತಮ್ಮ, ಅಪ್ಪ-ಮಗಳು ಜೋಡಿಯಾಗಿ ಬರಬಹುದು ಅಂತ ಪೋಸ್ಟರ್‌ನಲ್ಲೇ ಹಾಕಿದ್ರೆ ಅವರೂ ಬರ್ತಾರೆ.

ಈ ಸಲ ಪೋಸ್ಟರ್ ಮಾಡಿಸುವ ಸಂಘಟಕರು ಬಹುಮಾನದ ಮೊತ್ತದ ಕೆಳಗೆ ಒಂದು ಸಾಲು ಸೇರಿಸಿ ನೋಡಬಹುದು: 'ಸೋತರೂ ಗೆದ್ದರೂ ಪ್ರತಿ ಜೋಡಿಗೆ ಕನಿಷ್ಠ 4 ಪಂದ್ಯ ಖಚಿತ.'