ಅಗ್ಗದ ಮುಳುಗು ಗಡಿಯಾರಕ್ಕೆ ಹೊಸ ಅಂಗಗಳು

ಈಜು ಬಾರದವರ ಕೈಯಲ್ಲೂ ಈಗ ಮುಳುಗುಗಾರರ ಗಡಿಯಾರ ಕಾಣಸಿಗುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಮಳೆಗೆ ಅಂಜದ, ಪಾತ್ರೆ ತೊಳೆಯುವಾಗ ಬಿಚ್ಚಿಡಬೇಕಾಗಿಲ್ಲದ, ಕತ್ತಲಲ್ಲೂ ಹೊತ್ತು ತೋರಿಸುವ ಗಡಿಯಾರವನ್ನು ಯಾರು ತಾನೆ ಒಲ್ಲೆನೆಂದಾರು? ಆದರೆ ಹೆಸರುವಾಸಿಯಾದ ಸ್ವಿಸ್ ಗಡಿಯಾರಗಳ ಬೆಲೆ ಕೇಳಿದವರು ಸುಮ್ಮನೆ ಅಂಗಡಿಯಿಂದ ಹೊರಬರುತ್ತಾರೆ. ಹೀಗಾಗಿ, ಹಳೆಯ ಮಾದರಿಯ ಅಗ್ಗದ ಗಡಿಯಾರವೊಂದನ್ನು ಕೊಂಡು, ಅದರ ದುರ್ಬಲ ಅಂಗಗಳನ್ನು ತೆಗೆದು, ಉತ್ತಮವಾದವುಗಳನ್ನು ಕೂಡಿಸುವ ಹವ್ಯಾಸವೊಂದು ಹಲವು ದೇಶಗಳಲ್ಲಿ ಬೆಳೆದಿದೆ. ಇದರಲ್ಲಿ ಯಾವುದನ್ನು ಬದಲಿಸಬಹುದು, ಯಾವುದರ ತಂಟೆಗೆ ಹೋಗಬಾರದು ಎಂಬುದನ್ನು ಒಂದೇ ಒಂದು ಗಡಿಯಾರವನ್ನು ಮುಂದಿಟ್ಟುಕೊಂಡು ನೋಡೋಣ. ಅದು ರಷ್ಯದ ವೊಸ್ತೋಕ್ ಕಾರ್ಖಾನೆಯ ‘ಅಂಫಿಬಿಯಾ’.

ಕಾಮಾ ನದಿಯ ದಡದಲ್ಲಿ ಚಿಸ್ತೊಪೊಲ್ ಎಂಬ ಊರಿದೆ. ೧೯೪೧ರಲ್ಲಿ ಜರ್ಮನ್ ಸೇನೆ ಮಾಸ್ಕೋ ನಗರವನ್ನು ಸಮೀಪಿಸಿದಾಗ ಅಲ್ಲಿನ ಎರಡನೆಯ ಗಡಿಯಾರ ಕಾರ್ಖಾನೆಯನ್ನು ಈ ಊರಿಗೆ ಸಾಗಿಸಿದರು. ಯುದ್ಧ ಮುಗಿದರೂ ಗಡಿಯಾರದ ಕಸುಬು ಅಲ್ಲಿಯೇ ನೆಲೆ ನಿಂತಿತು. ೧೯೬೭ರಲ್ಲಿ ಮಿಖಾಯಿಲ್ ನೋವಿಕೊವ್ ಮತ್ತು ವೇರಾ ಬೆಲೋವಾ ಎಂಬ ಇಬ್ಬರು ವಿನ್ಯಾಸಕಾರರು ೨೦೦ ಮೀಟರ್ ಆಳದ ಒತ್ತಡವನ್ನು ತಾಳುವ ಈ ಗಡಿಯಾರವನ್ನು ರೂಪಿಸಿದರು. ನೀರಿನಲ್ಲಿ ಹತ್ತು ಮೀಟರ್ ಇಳಿದರೆ ಸುಮಾರು ಒಂದು ವಾಯುಭಾರದಷ್ಟು ಒತ್ತಡ ಹೆಚ್ಚುತ್ತದೆ. ಅಂದರೆ ೨೦೦ ಮೀಟರ್ ಆಳದಲ್ಲಿ ಇಪ್ಪತ್ತು ವಾಯುಭಾರ!

ಇಷ್ಟು ಒತ್ತಡವನ್ನು ತಡೆಯಲು ಸಾಮಾನ್ಯವಾಗಿ ಅಂಗಗಳನ್ನು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಕೊರೆಯಬೇಕು. ಅದು ದುಬಾರಿಯ ಕೆಲಸ. ಚಿಸ್ತೊಪೊಲಿನವರು ಬೇರೊಂದು ಉಪಾಯ ಹೂಡಿದರು. ನೀರನ್ನು ಎದುರಿಸುವ ಬದಲು ನೀರಿನ ಒತ್ತಡವನ್ನೇ ದುಡಿಸಿಕೊಂಡರು. ಅಂಫಿಬಿಯಾದ ಬೆನ್ನಮುಚ್ಚಳಕ್ಕೆ ತಿರುಪಿಲ್ಲ. ಅದು ಅಗಲವಾದ ರಬ್ಬರ್ ಉಂಗುರದ ಮೇಲೆ ಸುಮ್ಮನೆ ಕೂತಿರುತ್ತದೆ. ಬೇರೊಂದು ತಿರುಪಿನ ಬಳೆ ಅದನ್ನು ಹಿಡಿದಿರುತ್ತದೆ. ಬಿಗಿ ಮಾಡುವಾಗ ಬಳೆ ಮಾತ್ರ ತಿರುಗುವುದರಿಂದ ರಬ್ಬರು ತಿರುಚಿಕೊಳ್ಳುವುದಿಲ್ಲ. ಗಡಿಯಾರ ಆಳಕ್ಕೆ ಇಳಿದಷ್ಟೂ ನೀರು ಮುಚ್ಚಳವನ್ನು ರಬ್ಬರಿನ ಮೇಲೆ ಇನ್ನಷ್ಟು ಒತ್ತುತ್ತದೆ. ಗಾಜೂ ಹಾಗೆಯೇ. ಅದು ನಿಜವಾದ ಗಾಜಲ್ಲ, ದಪ್ಪನೆಯ ಆಕ್ರಿಲಿಕ್. ಒತ್ತಡಕ್ಕೆ ಅದು ತುಸು ಬಾಗಿ, ಅಂಚು ಹಿಗ್ಗಿ, ತನ್ನ ಚೌಕಟ್ಟನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ಕೀ ಕೊಡುವ ಗುಂಡಿಯ ತಿರುಪನ್ನು ಬಿಚ್ಚಿದಾಗ ಅದು ಲೊಡಲೊಡನೆ ಅಲುಗಾಡುವುದನ್ನು ಕಂಡು ಹೊಸಬರು ಮೋಸಹೋದೆವೆಂದುಕೊಳ್ಳುತ್ತಾರೆ. ಅದನ್ನು ಬೇಕೆಂದೇ ಹಾಗೆ ಮಾಡಿದ್ದಾರೆ. ಗುಂಡಿಗೆ ಬಿದ್ದ ಪೆಟ್ಟು ಒಳಗಿನ ಕಡ್ಡಿಗೆ ತಾಗದಿರಲೆಂಬುದೇ ಅದರ ಉದ್ದೇಶ.

ಈ ಮೂರು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಬದಲಾವಣೆಗೆ ಕೈ ಹಾಕಿ.

ಎಲ್ಲಕ್ಕಿಂತ ಸುಲಭದ್ದು ಪಟ್ಟಿ. ಅಂಫಿಬಿಯಾದೊಡನೆ ಬರುವ ತಗಡಿನ ಪಟ್ಟಿ ಹಗುರ, ಸಡಿಲ. ಕೈ ಮೇಲಿನ ರೋಮಕ್ಕೆ ಶತ್ರು. ಅದನ್ನು ತೆಗೆದು ನೈಲಾನ್ ಅಥವಾ ರಬ್ಬರ್ ಪಟ್ಟಿ ಹಾಕಿ. ಕೊಳ್ಳುವ ಮುನ್ನ ಪಟ್ಟಿ ಕೂಡುವ ಜಾಗವನ್ನು ಅಳೆಯಿರಿ: ಕೆಲವು ಮಾದರಿಗಳಲ್ಲಿ ಅದು ೧೮ ಮಿಲಿಮೀಟರ್, ಇನ್ನು ಕೆಲವುಗಳಲ್ಲಿ ೨೨. ಪಟ್ಟಿಯನ್ನು ಹಿಡಿದಿರುವ ಸ್ಪ್ರಿಂಗ್ ಕಡ್ಡಿಗಳನ್ನೂ ಜೊತೆಗೇ ಹೊಸದಾಗಿಸಿ. ಗಡಿಯಾರಗಳು ಕಳೆದುಹೋಗುವುದು ಬಹುಮಟ್ಟಿಗೆ ಈ ಕಡ್ಡಿಗಳು ಕೈಕೊಡುವುದರಿಂದಲೇ.

ಎರಡನೆಯದು ಗಾಜಿನ ಸುತ್ತಲಿನ ತಿರುಗುಬಳೆ. ಮುಳುಗುವವನು ನೀರಿಗಿಳಿಯುವಾಗ ಬಳೆಯ ಸೊನ್ನೆಯ ಗುರುತನ್ನು ನಿಮಿಷದ ಮುಳ್ಳಿಗೆ ಎದುರಾಗಿ ನಿಲ್ಲಿಸುತ್ತಾನೆ. ಆಮೇಲೆ ಎಷ್ಟು ನಿಮಿಷ ಕಳೆಯಿತೆಂಬುದನ್ನು ಬಳೆಯ ಮೇಲೆಯೇ ಓದಿಕೊಳ್ಳುತ್ತಾನೆ. ಬಳೆ ಬಂಡೆಗೆ ತಾಗಿ ಎಡಕ್ಕೆ ಸರಿದರೆ ಕಳೆದ ಕಾಲ ನಿಜಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಅವನು ಬೇಗ ಮೇಲೆ ಬರುತ್ತಾನೆ, ನಷ್ಟವೇನಿಲ್ಲ. ಬಲಕ್ಕೆ ಸರಿದರೆ ಕಳೆದ ಕಾಲ ಕಡಮೆಯಾಗಿ ಕಾಣುತ್ತದೆ. ಸಿಲಿಂಡರಿನಲ್ಲಿ ಗಾಳಿ ತೀರುತ್ತಿದ್ದರೂ ಇನ್ನೂ ಹೊತ್ತಿದೆಯೆಂದು ಅವನು ಭ್ರಮಿಸುತ್ತಾನೆ. ಆದ್ದರಿಂದಲೇ ಮುಳುಗು ಗಡಿಯಾರಗಳ ಅಂತರರಾಷ್ಟ್ರೀಯ ಮಾನಕವಾದ ಐ.ಎಸ್.ಒ. ೬೪೨೫, ಬಳೆ ತಾನಾಗಿ ಸರಿಯದಂತೆ ರಕ್ಷಣೆಯಿರಬೇಕೆಂದು ಕೇಳುತ್ತದೆ. ಸಾಮಾನ್ಯ ಅಂಫಿಬಿಯಾದ ಬಳೆಯಾದರೋ ಎರಡೂ ಕಡೆಗೆ ತಿರುಗುತ್ತದೆ. ಅದು ಕ್ರೋಮಿಯಂ ಲೇಪಿಸಿದ ಹಿತ್ತಾಳೆ. ಕೆಳಗಿರುವ ಒಂದು ತಂತಿಯ ಸ್ಪ್ರಿಂಗು ಅದನ್ನು ಹಿಡಿದಿದೆ, ಅಷ್ಟೆ.

ಮೊಂಡು ಚಾಕುವಿನಿಂದ ಮೆಲ್ಲಗೆ ಮೀಟಿದರೆ ಈ ಬಳೆ ಎದ್ದುಬರುತ್ತದೆ. ಮೀಟುವ ಮುನ್ನ ಕೇಸಿನ ಅಂಚಿಗೆ ಅಂಟುಪಟ್ಟಿ ಹಚ್ಚಿದರೆ ಗೀರು ಬೀಳದು. ಬದಲಿಗೆ ಕೂಡಿಸಲು ಸ್ಟೇನ್‌ಲೆಸ್ ಉಕ್ಕಿನ ಬಳೆಗಳೂ, ಅವುಗಳೊಳಗೆ ಅಂಟಿಸುವ ಅಲ್ಯುಮಿನಿಯಂ ಅಥವಾ ಸಿರಾಮಿಕ್ ಅಂಕಪಟ್ಟಿಗಳೂ ದೊರೆಯುತ್ತವೆ. ಇದೊಂದರಿಂದಲೇ ಗಡಿಯಾರದ ರೂಪ ಬದಲಾಗಿಬಿಡುತ್ತದೆ. ತಂತಿಯನ್ನು ತುಸು ಬಾಗಿಸಿ ಕೂಡಿಸಿದರೆ ಬಳೆ ಬಿಗಿಯಾಗಿ ತಿರುಗುತ್ತದೆ. ಆದರೂ ಅದು ಎರಡು ಕಡೆಗೂ ತಿರುಗುವ ಬಳೆಯೇ ಎಂಬುದನ್ನು ಮರೆಯಬೇಡಿ.

ಇನ್ನು ಗಾಜು. ಎಲ್ಲರಿಗೂ ಆಸೆ ಇರುವುದು ಇಲ್ಲಿಯೇ. ಗಡಸುತನದ ಮೋಸ್ ಮಾಪನದಲ್ಲಿ ನೀಲಮಣಿಯ ಜಾತಿಯ ಸಫೈರ್ ಗಾಜಿಗೆ ೯ರ ಅಂಕ, ಬೀದಿಯ ಧೂಳಿನಲ್ಲಿರುವ ಬೆಣಚುಕಲ್ಲಿನ ಕಣಕ್ಕೆ ೭. ಆದ್ದರಿಂದ ಧೂಳು ಸಫೈರನ್ನು ಗೀರಲಾರದು; ಮೆತ್ತನೆಯ ಆಕ್ರಿಲಿಕ್ಕನ್ನು ದಿನವೂ ಗೀರುತ್ತದೆ. ಅಂಫಿಬಿಯಾಕ್ಕೆ ಕೂಡುವ ಸಫೈರ್ ಗಾಜುಗಳನ್ನು ಮಾರುವವರೂ ಇದ್ದಾರೆ. ನನ್ನನ್ನು ಕೇಳಿದರೆ, ಬೇಡ. ಸಫೈರು ಬಾಗುವುದಿಲ್ಲ, ಹಿಗ್ಗುವುದಿಲ್ಲ. ಬಾಗಿ ಬಿಗಿಯಾಗುವ ಗಾಜಿಗೆಂದು ಕೊರೆದ ಚೌಕಟ್ಟಿನಲ್ಲಿ ಅದನ್ನು ಕೂಡಿಸಿದ ಮೇಲೆ ಕಾರ್ಖಾನೆಯ ೨೦೦ ಮೀಟರಿನ ಭರವಸೆ ನಿಮ್ಮ ಪಾಲಿಗಿಲ್ಲ. ಮೇಲಾಗಿ ಜೋರಾದ ಪೆಟ್ಟಿಗೆ ಸಫೈರು ಒಡೆದು ಚೂರಾಗಬಹುದು. ಆಕ್ರಿಲಿಕ್ ಅಷ್ಟು ಸುಲಭವಾಗಿ ಒಡೆಯದು. ಅದರ ಗೀರುಗಳನ್ನು ಹಲ್ಲುಜ್ಜುವ ಪೇಸ್ಟು, ಮೆತ್ತನೆಯ ಬಟ್ಟೆ ಹಿಡಿದು ಹತ್ತು ನಿಮಿಷ ತಿಕ್ಕಿದರೆ ಬಹುಪಾಲು ಮಾಯವಾಗುತ್ತವೆ. ಮಳೆಯಲ್ಲಿ ನೆನೆಯುವುದಷ್ಟೇ ನಿಮ್ಮ ಗಡಿಯಾರದ ಪಾಡಾದರೆ ಸಫೈರ್ ಹಾಕಿಸಿಕೊಳ್ಳಿ, ಚೆಂದ ಕಾಣುತ್ತದೆ; ಮುಳುಗುವವರು ಹಳೆಯದನ್ನೇ ಉಳಿಸಿಕೊಳ್ಳಲಿ.

ಮುಳ್ಳು ಮತ್ತು ಡಯಲನ್ನು ಬದಲಿಸುವುದು ನಾಜೂಕಿನ ಕೆಲಸ. ಭೂತಗನ್ನಡಿ, ಚಿಮಟ, ಧೂಳಿಲ್ಲದ ಮೇಜು ಬೇಕು. ತಾಳ್ಮೆಯಂತೂ ಬೇಕೇ ಬೇಕು. ತಾರೀಖಿನ ಚಕ್ರ ಟಕ್ಕೆಂದು ತಿರುಗಿದ ಕ್ಷಣದಲ್ಲಿ ನಿಲ್ಲಿಸಿ, ಗಂಟೆ ಹಾಗೂ ನಿಮಿಷದ ಮುಳ್ಳುಗಳೆರಡನ್ನೂ ಹನ್ನೆರಡಕ್ಕೆ ನೆಟ್ಟಗೆ ಒತ್ತಿ ಕೂಡಿಸಬೇಕು. ಇಲ್ಲವಾದರೆ ತಾರೀಖು ಮಧ್ಯಾಹ್ನ ಮೂರಕ್ಕೋ ನಾಲ್ಕಕ್ಕೋ ಬದಲಾಗುತ್ತ ನಿಮ್ಮನ್ನು ಹಾಸ್ಯಮಾಡುತ್ತಿರುತ್ತದೆ. ಬೇರೊಂದು ಎಚ್ಚರಿಕೆ: ಕತ್ತಲಲ್ಲಿ ಹೊಳೆಯುವ ಬಣ್ಣಕ್ಕಾಗಿ ಹಿಂದಿನ ಕಾಲದ ಹಲವು ಗಡಿಯಾರಗಳಲ್ಲಿ ರೇಡಿಯಂ ಬಳಸುತ್ತಿದ್ದರು. ಅಜ್ಜನ ಕಾಲದ ಗಡಿಯಾರದ ಡಯಲನ್ನು ಕೆರೆಯಲು ಹೋಗಬೇಡಿ. ಅದರ ಪುಡಿ ಉಸಿರಿನೊಡನೆ ಒಳಹೋದರೆ ಅಪಾಯ.

ಒಳಗಿನ ಯಂತ್ರದ ವಿಷಯದಲ್ಲಿ ಜಪಾನಿನ ಸೈಕೋ ಅಭಿಮಾನಿಗಳು ಭಾಗ್ಯವಂತರು. ೧೯೯೬ರಿಂದ ೨೦೧೯ರವರೆಗೆ ತಯಾರಾದ ಸೈಕೋ ಎಸ್.ಕೆ.ಎಕ್ಸ್. ೦೦೭ ಗಡಿಯಾರದ ಯಂತ್ರಕ್ಕೆ ಕೈಯಿಂದ ಕೀ ಕೊಡಲು ಬಾರದು, ಸೆಕೆಂಡಿನ ಮುಳ್ಳನ್ನು ನಿಲ್ಲಿಸಲೂ ಬಾರದು. ಈ ಎರಡೂ ಸೌಕರ್ಯವಿರುವ ಎನ್.ಎಚ್. ೩೬ ಎಂಬ ಯಂತ್ರ ಅದೇ ಜಾಗದಲ್ಲಿ ಕೂತುಕೊಳ್ಳುತ್ತದೆ. ಅಂಫಿಬಿಯಾದ ೨೪೧೬ ಯಂತ್ರಕ್ಕೆ ಅಂಥ ಅಣ್ಣನಿಲ್ಲ. ೩೧ ಕಲ್ಲುಗಳ, ಗಂಟೆಗೆ ೧೯,೮೦೦ ಬಡಿತಗಳ ಈ ಯಂತ್ರ ತಾನಾಗಿ ಕೀ ಕೊಟ್ಟುಕೊಳ್ಳುತ್ತದೆ, ಕೈಯಿಂದಲೂ ಕೊಡಬಹುದು. ಅದನ್ನು ಬದಲಿಸುವುದಕ್ಕಿಂತ ಹದಗೊಳಿಸುವುದೇ ಮೇಲು. ದಿನಕ್ಕೆ ೨೦ ಸೆಕೆಂಡು ಹಿಂದಕ್ಕೆ ಬೀಳುವುದರಿಂದ ೬೦ ಸೆಕೆಂಡು ಮುಂದಕ್ಕೆ ಓಡುವುದರವರೆಗೆ ಕಾರ್ಖಾನೆಯೇ ಸಲಿಗೆ ಕೊಟ್ಟಿದೆ. ಜಾಸ್ತಿ ಎನಿಸುತ್ತದೆಯಲ್ಲವೆ? ದಿನಕ್ಕೆ ೮೬,೪೦೦ ಸೆಕೆಂಡು. ಅದರಲ್ಲಿ ಅರವತ್ತೆಂದರೆ ೧,೪೪೦ರಲ್ಲಿ ಒಂದು ಪಾಲು ಮಾತ್ರ.

ಈ ಕೆಲಸದಲ್ಲಿ ನಿಮ್ಮ ರೇಡಿಯೋ ನೆರವಾಗುತ್ತದೆ. ಪ್ರತಿದಿನ ಒಂದೇ ಸಮಯಸೂಚನೆಯ ಕೊನೆಯ ಧ್ವನಿಗೆ ಸೆಕೆಂಡಿನ ಮುಳ್ಳು ಎಲ್ಲಿದೆಯೆಂದು ಬರೆದಿಡಿ. ಮೊಬೈಲಿನಲ್ಲಿ ಅಂತರ್ಜಾಲದ ಮೂಲಕ ಬರುವ ಪ್ರಸಾರ ಹಲವು ಸೆಕೆಂಡು ತಡವಾಗಿ, ಅದೂ ದಿನಕ್ಕೊಂದು ಬಗೆಯಾಗಿ ತಲಪುತ್ತದೆ. ಆದ್ದರಿಂದ ಮಧ್ಯಮ ತರಂಗ ಅಥವಾ ಎಫ್.ಎಂ. ಮೇಲೆಯೇ ಕೇಳಿ. ವಾರದ ಲೆಕ್ಕ ಕೂಡಿದ ಮೇಲೆ, ಬೆನ್ನಮುಚ್ಚಳ ತೆರೆದು, ತೂಗುಚಕ್ರದ ಬಳಿಯ ಸಣ್ಣ ಮೀಟುಕಡ್ಡಿಯನ್ನು ಕೂದಲೆಳೆಯಷ್ಟು ಸರಿಸಬೇಕು. ಅದು ಸುರುಳಿ ಸ್ಪ್ರಿಂಗಿನ ಕೆಲಸಮಾಡುವ ಉದ್ದವನ್ನು ಕಿರಿದು ಮಾಡಿದರೆ ಗಡಿಯಾರ ವೇಗವಾಗುತ್ತದೆ, ಹಿರಿದು ಮಾಡಿದರೆ ನಿಧಾನ. ಕೈ ನಡುಗುವವರು ಇದನ್ನು ಗಡಿಯಾರ ರಿಪೇರಿಯವರಿಗೇ ಬಿಡುವುದು ಲೇಸು.

ಮಾರುವ ಪ್ರಸಂಗ ಬಂದರೆ ಏನೇನು ಬದಲಿಸಿದ್ದೀರೆಂಬುದನ್ನು ಚೀಟಿಯಲ್ಲಿ ಬರೆದುಕೊಡಿ. ೧೯೬೧ರಲ್ಲಿ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ಆರಂಭವಾದ ನಮ್ಮ ಎಚ್.ಎಂ.ಟಿ. ಗಡಿಯಾರಗಳಿಗೇ ಇಂದು ಹೊಸ ಬಣ್ಣ ಬಳಿದ ಡಯಲು ಹಾಕಿ ಹಳೆಯ ಅಸಲು ಮಾಲೆಂದು ಮಾರುವುದುಂಟು.

ಎಲ್ಲ ಮುಗಿದ ಮೇಲೆ ಕಡೆಯದಾಗಿ ಮುಚ್ಚುವ ಮುನ್ನ ರಬ್ಬರ್ ಉಂಗುರಗಳನ್ನು ನೋಡಿ. ಚಪ್ಪಟೆಯಾಗಿದ್ದರೆ, ಬಿರಿದಿದ್ದರೆ ಹೊಸದು ಹಾಕಿ, ಸಿಲಿಕೋನ್ ಗ್ರೀಸನ್ನು ತೆಳುವಾಗಿ ಸವರಿ. ಅನಂತರ ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಗಡಿಯಾರವನ್ನು ೪೦ರಿಂದ ೪೫ ಡಿಗ್ರಿ ಸೆಂಟಿಗ್ರೇಡಿನಷ್ಟು ಬೆಚ್ಚಗೆ ಮಾಡಿ, ಗಾಜಿನ ಮೇಲೆ ತಣ್ಣೀರಿನ ಹನಿಯೊಂದನ್ನು ಬಿಟ್ಟು, ಒಂದು ನಿಮಿಷದ ಮೇಲೆ ಒರೆಸಿ. ಗಾಜಿನ ಒಳಮೈಯಲ್ಲಿ ಮಂಜು ಕಟ್ಟಿದ್ದರೆ ಒಳಗೆ ತೇವವಿದೆ ಎಂದರ್ಥ. ಮಂಜು ಕಟ್ಟದಿದ್ದರೆ ಸದ್ಯಕ್ಕೆ ತೇವವಿಲ್ಲವೆಂದಷ್ಟೇ ತಿಳಿಯಿತು, ಆಳದಲ್ಲಿ ತಾಳುತ್ತದೆಂದಲ್ಲ. ನಿಜವಾದ ಮುಳುಗು ಗಡಿಯಾರಕ್ಕೆ ಹೇಳಿದ ಆಳದ ಒಂದೂಕಾಲು ಪಾಲು ಒತ್ತಡ ಹಾಕಿ ನೋಡುತ್ತಾರೆ. ಒತ್ತಡದ ಯಂತ್ರವಿರುವ ಅಂಗಡಿಯಲ್ಲಿ ಪರೀಕ್ಷೆ ಮಾಡಿಸುವವರೆಗೆ ನಿಮ್ಮ ಗಡಿಯಾರ ಮಳೆಗೆ, ಕೈತೊಳೆಯುವ ನೀರಿಗೆ ಮಾತ್ರ. ಹೊಳೆಗೆ ಇಳಿಯುವಾಗ ಬಿಚ್ಚಿ ದಡದ ಮೇಲಿಡಿ.